ಕಾಸರಗೋಡಿನ ಮಾಣಿ ಕೇರಳಕ್ಕೆ ಯಾಕೆ ಆಡ್ತಾನೆ?

ದಾವಣಗೆರೆಯ ಗೆಳೆಯರೊಬ್ಬರು ಕಳೆದ ವಾರ ಫೋನಿನಲ್ಲಿ ಕೇಳಿದರು. "ನಿಮ್ಮ ತಂಗಿ ಮಗ ಕನ್ನಡ ಮೀಡಿಯಮ್ಮಿನಲ್ಲಿ ಓದ್ತಾನೆ. ಮನೆಯಲ್ಲಿ ಮಾತಾಡೋದು ಕನ್ನಡ. ಮಂಗಳೂರು ನಿಮಗೆ ಹತ್ತಿರ. ಅವನು ಕೇರಳದ ಟೀಮಿಗೆ ಯಾಕ್ರೀ ಆಡೋದು? ಕರ್ನಾಟಕಕ್ಕೆ ಆಡಬಾರದಾ?" ಅವರು ಪ್ರೀತಿಯಿಂದಲೇ ಕೇಳಿದ್ದು. ನಾನು ಎರಡು ಮಾತು ಹೇಳಿ ಮುಗಿಸಿದೆ. ಆದರೆ ಅದು ಎರಡು ಮಾತಿನಲ್ಲಿ ಮುಗಿಯುವ ವಿಷಯ ಅಲ್ಲ. ಅವರಿಗೂ ಕರ್ನಾಟಕದ ನಿಮಗೆಲ್ಲರಿಗೂ ಸಮಾಧಾನವಾಗಿ ಬರೆಯೋಣ ಅನಿಸಿತು.

ಕಾಸರಗೋಡು ಮೊದಲು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. 1956ರ ನವೆಂಬರ್ 1ಕ್ಕೆ ರಾಜ್ಯಗಳ ಗೆರೆ ಎಳೆದಾಗ ಕೇರಳಕ್ಕೆ ಸೇರಿತು. 1984ರಲ್ಲಿ ಕಣ್ಣೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು. ಕ್ರಿಕೆಟ್ ಸಂಸ್ಥೆಗಳು ನಡೆಯುವುದೂ ಇದೇ ಗೆರೆ ಹಿಡಿದು. ಗಡಿಯಲ್ಲಿರುವ ತಲಪಾಡಿಯಿಂದ ಆಚೆ ಉಳ್ಳಾಲದ ಹುಡುಗ ಚೆನ್ನಾಗಿ ಆಡಿದರೆ ಕರ್ನಾಟಕದ ಕ್ರಿಕೆಟ್ ಸಂಸ್ಥೆ ಕೆಎಸ್‌ಸಿಎಯ ಮಂಗಳೂರು ವಲಯದ ಟೀಮಿಗೆ ಹೋಗುತ್ತಾನೆ, ಮುಂದೆ ಬೆಂಗಳೂರಿನ ಕಡೆ ನೋಡುತ್ತಾನೆ. ತಲಪಾಡಿಯಿಂದ ಈಚೆ ಮಂಜೇಶ್ವರದ ಹುಡುಗ ಚೆನ್ನಾಗಿ ಆಡಿದರೆ ಕಾಸರಗೋಡು ಜಿಲ್ಲೆಯ ಟೀಮಿಗೆ ಬರುತ್ತಾನೆ. ಆಮೇಲೆ ಅವನ ದಾರಿ ಪೂರಾ ತೆಂಕು ದಿಕ್ಕಿಗೆ. ಕಣ್ಣೂರು, ತಲಶ್ಶೇರಿ, ಕಲ್ಲಿಕೋಟೆ, ಕೊನೆಗೆ ಐನೂರು ಕಿಲೋಮೀಟರಿಗೂ ಜಾಸ್ತಿ ದೂರದ ತಿರುವನಂತಪುರ. ಇಬ್ಬರು ಹುಡುಗರ ಮನೆಯ ನಡುವೆ ಅರ್ಧ ಗಂಟೆಯ ದಾರಿ ಅಷ್ಟೆ. ಇಬ್ಬರೂ ಆಡುವಾಗ ಬೈದುಕೊಳ್ಳುವುದು ತುಳುವಿನಲ್ಲೇ.

ಕೇರಳದಲ್ಲಿ 14 ಜಿಲ್ಲೆ. ಮಕ್ಕಳ ಕ್ರಿಕೆಟಿಗೆ ಅವನ್ನು ಉತ್ತರ, ಮಧ್ಯ, ದಕ್ಷಿಣ ಅಂತ ಪಾಲು ಮಾಡುತ್ತಾರೆ. ನಮ್ಮದು ಉತ್ತರ ವಲಯ. ಕಣ್ಣೂರು, ವಯನಾಡು, ಕಲ್ಲಿಕೋಟೆ, ಮಲಪ್ಪುರಂ ನಮ್ಮ ಜೊತೆಗಿನವರು. ಹದಿನಾಲ್ಕರ ಒಳಗಿನವರು, ಹದಿನಾರರ ಒಳಗಿನವರು ಅಂತ ಬೇರೆ ಬೇರೆ ಟೀಮು ಇರುತ್ತದೆ. ಜಿಲ್ಲೆ ಜಿಲ್ಲೆಗಳ ನಡುವೆ ಆಟ ಮುಗಿದ ಮೇಲೆ ಚೆನ್ನಾಗಿ ಆಡಿದವರನ್ನು ಆರಿಸಿ ವಲಯದ ಟೀಮು, ಅದರಿಂದ ಆರಿಸಿ ರಾಜ್ಯದ ಟೀಮು. ಹದಿನಾಲ್ಕರ ಒಳಗಿನ ರಾಜ್ಯ ಟೀಮು ಆಡುವುದು ರಾಜ್‌ಸಿಂಗ್ ಡುಂಗರ್‌ಪುರ್ ಟ್ರೋಫಿಯ ದಕ್ಷಿಣ ವಲಯದಲ್ಲಿ. ಅಲ್ಲಿ ತಮಿಳುನಾಡು, ಆಂಧ್ರ, ಹೈದರಾಬಾದ್, ಗೋವಾ, ಪುದುಚೇರಿ ಜೊತೆ ಕರ್ನಾಟಕವೂ ಇರುತ್ತದೆ. ಅಂದರೆ ಮೂರು ಮೆಟ್ಟಿಲು ಹತ್ತಿದ ಕಾಸರಗೋಡಿನ ಕನ್ನಡದ ಹುಡುಗನಿಗೆ ಎದುರಾಳಿಯಾಗಿ ನಿಮ್ಮ ಹುಡುಗರೇ ಸಿಗಬಹುದು. ನಮ್ಮ ಮಾಣಿ ಇನ್ನೂ ಮೊದಲ ಮೆಟ್ಟಿಲಿನಲ್ಲಿದ್ದಾನೆ. ನಮ್ಮ ಕಡೆ ಹುಡುಗನಿಗೆ ಮಾಣಿ ಅಂತಾರೆ, ಹಾಗೇ ಬರೆಯುತ್ತೇನೆ.

ಈ ಮೊದಲ ಮೆಟ್ಟಿಲು ಹತ್ತುವ ಮೊದಲು ಒಂದು ಫೈಲು ತಯಾರಾಗಬೇಕು. ಜನನ ಪ್ರಮಾಣ ಪತ್ರ, ಶಾಲೆಯ ಸರ್ಟಿಫಿಕೇಟು, ಆಧಾರ್, ಫೋಟೊ. ವಯಸ್ಸಿನ ಲೆಕ್ಕ ಸೆಪ್ಟೆಂಬರ್ 1ಕ್ಕೆ. ಬೇರೆ ಊರಿನವರಿಗೆ ಇದು ಒಂದು ದಿನದ ಕೆಲಸ. ನಮ್ಮಲ್ಲಿ ಹಾಗಲ್ಲ. ಗಡಿ ಹತ್ತಿರದ ಎಷ್ಟೋ ತಾಯಂದಿರು ಹೆರಿಗೆಗೆ ಹೋಗುವುದು ಮಂಗಳೂರಿಗೆ. ನನ್ನ ತಂಗಿಯೂ ಹಾಗೇ ಹೋದವಳು. ಹಾಗಾಗಿ ಮಾಣಿಯ ಜನನ ಪ್ರಮಾಣ ಪತ್ರ ಕರ್ನಾಟಕದ್ದು, ಆಧಾರ್ ಕೇರಳದ್ದು, ಶಾಲೆಯ ರಿಜಿಸ್ಟರಿನಲ್ಲಿ ಹೆಸರು ಕನ್ನಡದಲ್ಲಿ. ಒಂದರಲ್ಲಿ ಇನಿಶಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ. ಮೂರೂ ಒಬ್ಬನದ್ದೇ ಅಂತ ತೋರಿಸಲು ತಂಗಿ ನಾಲ್ಕು ಸಲ ಓಡಾಡಿದಳು. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ನಮಗೆ ಎಷ್ಟು ಸಂಕಟ ಆಗಿತ್ತು ಅಂತ ಹೊರಗಿನವರಿಗೆ ಅರ್ಥ ಆಗಿರಲಿಕ್ಕಿಲ್ಲ. ಮಂಗಳೂರು ನಮಗೆ ಆಸ್ಪತ್ರೆ, ಕಾಲೇಜು, ಮದುವೆ ಜವಳಿ ಎಲ್ಲ. ಕ್ರಿಕೆಟಿಗೆ ಮಾತ್ರ ಬೇರೆ ರಾಜ್ಯ.

ಹದಿನಾರರ ಒಳಗಿನ ರಾಜ್ಯ ಟೀಮಿನ ಹಂತಕ್ಕೆ ಬಂದರೆ ಕಾಗದ ಮಾತ್ರ ಸಾಲದು. ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ಬೆಳವಣಿಗೆ ನೋಡಿ ವಯಸ್ಸು ಅಂದಾಜು ಮಾಡುತ್ತಾರೆ. ವಯಸ್ಸು ಮುಚ್ಚಿಟ್ಟು ಆಡುವುದನ್ನು ತಡೆಯಲಿಕ್ಕೆ ಅದು ಬೇಕಾದದ್ದೇ.

ನಮ್ಮ ಮಕ್ಕಳು ಆಟ ಕಲಿಯುವುದು ಎಲ್ಲಿ ಅಂತಲೂ ಹೇಳಬೇಕು. ಬದಿಯಡ್ಕ, ಕುಂಬಳೆ ಕಡೆ ಸಮತಟ್ಟಾದ ಜಾಗ ಕಡಿಮೆ. ಮನೆ ಮುಂದೆ ಅಂಗಳ ಇದೆ ನಿಜ, ಆದರೆ ಅಡಿಕೆ ಕೊಯ್ಲಾದ ಮೇಲೆ ಅಲ್ಲಿ ಅಡಿಕೆ ಒಣಗುತ್ತಿರುತ್ತದೆ. ಅದರ ಮೇಲೆ ಚೆಂಡು ಬಿದ್ದರೆ ಅಜ್ಜ ಬಿಡುವುದಿಲ್ಲ. ಉಳಿದದ್ದು ಕೊಯ್ಲಾದ ಗದ್ದೆ, ಇಲ್ಲಾ ಮುರಕಲ್ಲಿನ ಪದವು, ಅಂದರೆ ಗುಡ್ಡದ ಮೇಲಿನ ಬಯಲು. ಕೆಂಪು ಮುರಕಲ್ಲಿನ ಮೇಲೆ ಡೈವ್ ಹೊಡೆದರೆ ಮೊಣಕೈ ಚರ್ಮ ಅಲ್ಲೇ ಉಳಿಯುತ್ತದೆ. ಅದಕ್ಕೇ ನಮ್ಮ ಮಕ್ಕಳು ಬೀಳದೆ ಹಿಡಿಯುವುದನ್ನು ಬೇಗ ಕಲಿಯುತ್ತಾರೆ. ಟೆನಿಸ್ ಬಾಲಿನ ಆಟ, ಅಂಡರ್‌ಆರ್ಮ್ ಟೂರ್ನಿ ಊರೂರಿಗೆ ಇದೆ. ಲೆದರ್ ಬಾಲ್ ಮಾತ್ರ ಅಪರೂಪ. ಜೂನಿನಿಂದ ಮೂರು ನಾಲ್ಕು ತಿಂಗಳು ಜಡಿಮಳೆ, ಆಗ ಯಾವ ಆಟವೂ ಇಲ್ಲ. ನೀರ್ಚಾಲಿನ ಹತ್ತಿರ ಮಾನ್ಯದಲ್ಲಿ ಕೇರಳ ಕ್ರಿಕೆಟ್ ಅಸೋಸಿಯೇಷನ್ನಿನ ಮೈದಾನ ಬಂದದ್ದು ನಮ್ಮ ಪಾಲಿಗೆ ದೊಡ್ಡ ವಿಷಯ. ಅಲ್ಲಿ ಟರ್ಫ್ ವಿಕೆಟ್ ಇದೆ. ಮಾಣಿ ಮೊದಲ ಸಲ ಅದರ ಮೇಲೆ ಕಾಲಿಟ್ಟಾಗ ಬಗ್ಗಿ ಹುಲ್ಲು ಮುಟ್ಟಿ ನೋಡಿದ. "ಮಾವ, ಇದು ಹಾಸಿದ್ದಾ ಬೆಳೆದದ್ದಾ?" ಅಂತ ಕೇಳಿದ.

ಈಗ ತಲಶ್ಶೇರಿಯ ಕಥೆ. ಹದಿನಾಲ್ಕರ ಒಳಗಿನ ಆಟ, ಎದುರು ಕಣ್ಣೂರು ಜಿಲ್ಲೆ. ಬೆಳಗಾಗುವ ಮೊದಲೇ ಕಾಸರಗೋಡಿನಲ್ಲಿ ಪರಶುರಾಮ್ ರೈಲು ಹತ್ತಿದೆವು. ಮಕ್ಕಳೆಲ್ಲ ಬಿಳಿ ಬಟ್ಟೆಯಲ್ಲೇ ಬಂದಿದ್ದರು. ಪಯ್ಯನ್ನೂರು ದಾಟುವಾಗ ಬುತ್ತಿ ಬಿಚ್ಚಿದರು. ನಮ್ಮ ನೀರುದೋಸೆ ಒಂದು ಕಡೆ, ತಳಂಗರೆಯ ಹುಡುಗನ ಪತ್ತಿರಿ ಒಂದು ಕಡೆ. ನನಗೆ ಒಂದು ಚೂರೂ ಉಳಿಯಲಿಲ್ಲ.

ತಲಶ್ಶೇರಿ ಅಂದರೆ ಕೇಕ್, ಕ್ರಿಕೆಟ್, ಸರ್ಕಸ್ಸಿನ ಊರು ಅಂತ ಅಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಇನ್ನೂರು ವರ್ಷದ ಹಿಂದೆ ಆರ್ಥರ್ ವೆಲ್ಲೆಸ್ಲಿ ಇಲ್ಲಿ ಆಟ ಹಚ್ಚಿಸಿದ ಅಂತ ಅವರ ಮಾತು. ಅಂಥ ಊರಿನ ಮಕ್ಕಳಿಗೆ ಆಟ ರಕ್ತದಲ್ಲೇ ಇರುತ್ತದೆ. ಅವರ ಬೌಲರು ಓಡಿ ಬರುವ ಚೆಂದಕ್ಕೇ ನಮ್ಮವರು ಅರ್ಧ ಹೆದರಿದ್ದರು.

ಮಾಣಿ ಆರನೆಯವನಾಗಿ ಇಳಿದ. ಆ ತುದಿಯಲ್ಲಿ ಚೆರುವತ್ತೂರಿನ ಹುಡುಗ. ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮದು ಒಂದೇ ಜಿಲ್ಲೆ ಆದರೂ ಚಂದ್ರಗಿರಿ ಹೊಳೆಯ ಬಡಗು ಬೇರೆ, ತೆಂಕು ಬೇರೆ. ಬಡಗಿನಲ್ಲಿ ಕನ್ನಡ, ತುಳು, ಬ್ಯಾರಿ, ಕೊಂಕಣಿ, ಮರಾಠಿ, ಮಲಯಾಳ ಎಲ್ಲ ಕಿವಿಗೆ ಬೀಳುತ್ತವೆ. ತೆಂಕಿನ ಚೆರುವತ್ತೂರು, ತೃಕ್ಕರಿಪುರದ ಮಕ್ಕಳಿಗೆ ಮಲಯಾಳ ಒಂದೇ. ನಮ್ಮ ಮಾಣಿಗೆ ಮನೆಗೆ ಕನ್ನಡ, ಶಾಲೆಗೆ ಕನ್ನಡ, ಆಟಕ್ಕೆ ತುಳು. ಬ್ಯಾಟು ಕೈಗೆ ಬಂದ ಕೂಡಲೇ ಅವನ ಬಾಯಿಗೆ ತುಳು ಬರುತ್ತದೆ.

ಅವನು ಪಾಯಿಂಟಿನ ಕಡೆ ತಟ್ಟಿದ. ಚೆರುವತ್ತೂರಿನವನು ಎರಡು ಹೆಜ್ಜೆ ಮುಂದೆ ಬಂದ. ಫೀಲ್ಡರ್ ಚೆಂಡಿನ ಮೇಲೆ ಇದ್ದದ್ದು ಮಾಣಿಗೆ ಕಂಡಿತು. "ಬೊಡ್ಚಿ! ಬೊಡ್ಚಿ!" ಅಂತ ಕಿರುಚಿದ. ತುಳುವಿನಲ್ಲಿ ಬೇಡ ಅಂತ ಅರ್ಥ. ಮಲಯಾಳದವರು ವೇಂಡ ಅಂತಾರೆ. ಕನ್ನಡದಲ್ಲಿ ಬೇಡ ಅಂದಿದ್ದರೂ ಆ ಹುಡುಗನಿಗೆ ಒಂದು ಅಂದಾಜು ಸಿಗುತ್ತಿತ್ತು. ಬೊಡ್ಚಿ ಅವನು ಹುಟ್ಟಿದ ಮೇಲೆ ಕೇಳಿದ ಶಬ್ದ ಅಲ್ಲ. ಓಡಿ ಬಾ ಅಂತ ಕರೀತಾ ಇದ್ದಾನೆ ಅಂದುಕೊಂಡ. ಪಿಚ್ಚಿನ ಈ ತುದಿಯಲ್ಲಿ ಇಬ್ಬರೂ ನಿಂತರು, ಆ ತುದಿಯಲ್ಲಿ ಬೇಲ್ಸ್ ಹಾರಿತು.

ಚೆರುವತ್ತೂರಿನವನು ಔಟು. ಚೆನ್ನಾಗಿ ಆಡುತ್ತಿದ್ದವನು ಅವನೇ. ಮಾಣಿಯ ಮುಖ ನೋಡಲಾಗಲಿಲ್ಲ. ಅವನೂ ಎರಡು ಓವರಿನಲ್ಲಿ ಔಟಾಗಿ ಬಂದು, ಪ್ಯಾಡು ಬಿಚ್ಚದೆ ಗೋಡೆಗೆ ತಲೆ ಒರಗಿಸಿ ಕೂತ. ನಾನು ಹತ್ತಿರ ಹೋಗುವ ಮೊದಲೇ ಆ ಹುಡುಗ ಬಂದು ಪಕ್ಕದಲ್ಲಿ ಕೂತಿದ್ದ. "ಸಾರಮಿಲ್ಲ ಡಾ," ಅಂದ. ಪರವಾಗಿಲ್ಲ ಕಣೋ ಅಂತ. ಆಮೇಲೆ ನಿಧಾನ ಕೇಳಿದ, "ಬೊಡ್ಚಿ ಅಂದರೆ ಏನು?"

ಕೋಚ್ ಸಿಟ್ಟು ಮಾಡಲಿಲ್ಲ. ಆವತ್ತಿನಿಂದ ವಿಕೆಟಿನ ನಡುವೆ ಮೂರೇ ಶಬ್ದ ಅಂತ ಕಟ್ಟು ಮಾಡಿದರು: ಯೆಸ್, ನೋ, ವೆಯ್ಟ್. ಅದು ಸರಿಯಾದ ನಿರ್ಧಾರ. ಆದರೆ ಅವರು ತುಳುವನ್ನು ಬಿಡಿಸಲಿಲ್ಲ. ಫೀಲ್ಡಿಂಗ್ ಮಾಡುವಾಗ ಬಳಸಿಕೊಂಡರು. ನಮ್ಮ ಕೀಪರ್ ಉಪ್ಪಳದವನು. ಅವನು ಹಿಂದಿನಿಂದ "ಪಿದಾಯಿ ಪಾಡ್" ಅಂದರೆ ಆಫ್ ಸ್ಟಂಪಿನ ಹೊರಗೆ ಹಾಕು ಅಂತ. "ಮೆಲ್ಲ ಪಾಡ್" ಅಂದರೆ ನಿಧಾನದ್ದು ಹಾಕು ಅಂತ. ಮಲಪ್ಪುರದ, ವಯನಾಡಿನ ಬ್ಯಾಟ್ಸ್‌ಮನ್‌ಗೆ ಇದು ಗೊತ್ತಾಗುವುದಿಲ್ಲ. ಇಡೀ ಉತ್ತರ ವಲಯದಲ್ಲಿ ಈ ಅನುಕೂಲ ಇರುವುದು ನಮ್ಮ ಟೀಮಿಗೆ ಮಾತ್ರ. ಮಂಗಳೂರಿನವರ ಎದುರು ಆಡಿದರೆ ಇದು ನಡೆಯುವುದಿಲ್ಲ, ಅಲ್ವಾ?

ಆವತ್ತು ನಾವು ಸೋತೆವು. ವಾಪಸು ಬರುವಾಗ ರೈಲಿನ ಬಾಗಿಲ ಹತ್ತಿರ ಎರಡು ಹುಡುಗರು ಒಬ್ಬರಿಗೊಬ್ಬರು ಶಬ್ದ ಕಲಿಸುತ್ತಾ ನಿಂತಿದ್ದರು. ಚೆರುವತ್ತೂರು ಬಂದಾಗ ಅವನು ಇಳಿದು, ಪ್ಲಾಟ್‌ಫಾರ್ಮಿನಿಂದ "ಬೊಡ್ಚಿ!" ಅಂತ ಕೂಗಿ ಕೈ ಬೀಸಿದ.

ಇನ್ನು, ಕರ್ನಾಟಕಕ್ಕೆ ಆಡಬಾರದಾ ಅನ್ನುವ ಪ್ರಶ್ನೆ. ಆಡಿದವರು ಇದ್ದಾರೆ. ಅನಿಲ್ ಕುಂಬ್ಳೆಯ ಹೆಸರಿನಲ್ಲಿರುವ ಕುಂಬಳೆ ನಮ್ಮ ಪಕ್ಕದ ಊರು. ಮನೆತನ ಇಲ್ಲಿಯದು, ಅವರು ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ. 619 ಟೆಸ್ಟ್ ವಿಕೆಟ್ ತೆಗೆದರು. 1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಅವರಿಗೇ ಬಿದ್ದಾಗ ನಾವು ಇಲ್ಲಿ ನಮ್ಮ ಊರಿನವರು ಅಂತಲೇ ಕುಣಿದದ್ದು. ಕೇರಳದಲ್ಲಿ ಹುಟ್ಟಿ ಆ ಕಡೆ ಹೋದವರೂ ಇದ್ದಾರೆ. ದೇವದತ್ತ ಪಡಿಕ್ಕಲ್ ಹುಟ್ಟಿದ್ದು ಕೇರಳದ ಎಡಪ್ಪಾಳಿನಲ್ಲಿ, ಆಡಿದ್ದು ಕರ್ನಾಟಕಕ್ಕೆ. ನಿಮಗೆ ಅವರು ಹೊರಗಿನವರು ಅನಿಸಿದ್ದುಂಟಾ? ಇಲ್ಲ. ಹಾಗೇ ಇಲ್ಲಿಯೂ. ಎಲ್ಲಿ ಓದುತ್ತೇವೋ, ಎಲ್ಲಿ ಮನೆ ಇದೆಯೋ, ಅಲ್ಲಿಯ ಟೀಮು.

ಈಗಿನ ಮಕ್ಕಳ ಕಣ್ಣ ಮುಂದೆ ಇರುವುದು ನಮ್ಮ ಕಾಸರಗೋಡಿನದೇ ತಳಂಗರೆಯ ಮೊಹಮ್ಮದ್ ಅಜರುದ್ದೀನ್. ಹಳೆಯ ಅಜರುದ್ದೀನನ ಮೇಲಿನ ಅಭಿಮಾನಕ್ಕೆ ಅಣ್ಣ ಆರಿಸಿ ಇಟ್ಟ ಹೆಸರು. 2021ರ ಜನವರಿಯಲ್ಲಿ ವಾಂಖೆಡೆಯಲ್ಲಿ ಮುಂಬೈ ಎದುರು 54 ಬಾಲಿನಲ್ಲಿ ಔಟಾಗದೆ 137 ಹೊಡೆದ. ನೂರು ಬಂದದ್ದು 37 ಬಾಲಿಗೆ. ಆದರೆ ನನಗೆ ಅದಕ್ಕಿಂತ ಹೆಚ್ಚು ಇಷ್ಟ 2025ರ ಫೆಬ್ರವರಿಯ ಆಟ. ಅಹಮದಾಬಾದಿನಲ್ಲಿ ಗುಜರಾತ್ ಎದುರು ರಣಜಿ ಸೆಮಿಫೈನಲ್. ಅದೇ ಅಜರುದ್ದೀನ್ ಈ ಸಲ 341 ಬಾಲು ತಾಳ್ಮೆಯಿಂದ ನಿಂತು ಔಟಾಗದೆ 177 ಮಾಡಿದ. ಕೇರಳ 457. ಗುಜರಾತ್ 455ಕ್ಕೆ ಬಂದಾಗ ಕೊನೆಯ ವಿಕೆಟು. ಹೊಡೆದ ಚೆಂಡು ಶಾರ್ಟ್ ಲೆಗ್ಗಿನಲ್ಲಿದ್ದ ಸಲ್ಮಾನ್ ನಿಜಾರನ ಹೆಲ್ಮೆಟಿಗೆ ಬಡಿದು ಮೇಲಕ್ಕೆ ಹಾರಿ ಸಚಿನ್ ಬೇಬಿಯ ಕೈಗೆ ಬಿತ್ತು. ಮೊದಲ ಇನ್ನಿಂಗ್ಸಿನ ಆ ಎರಡು ರನ್ನಿನ ಮುನ್ನಡೆಯಿಂದಲೇ ಕೇರಳ ಮೊದಲ ಸಲ ರಣಜಿ ಫೈನಲಿಗೆ. ನಾನು ಆಗ ಬದಿಯಡ್ಕದ ಒಂದು ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದೆ. ಎಲ್ಲರೂ ಒಂದು ಮೊಬೈಲಿಗೆ ಮುತ್ತಿಕೊಂಡಿದ್ದರು. ಪಕ್ಕದಲ್ಲಿದ್ದ ಅಜ್ಜನಿಗೆ ಕ್ರಿಕೆಟ್ ಗೊತ್ತಿಲ್ಲ. ಗಲಾಟೆ ಕೇಳಿ, "ನಮ್ಮವ ಎಷ್ಟು ಹೊಡೆದ?" ಅಂತ ಕನ್ನಡದಲ್ಲೇ ಕೇಳಿದರು.

ಆ ನಮ್ಮವ ಅನ್ನುವ ಮಾತೇ ನಿಮಗೆ ನನ್ನ ಉತ್ತರ. ಕಾಸರಗೋಡು ಅಂತ ಬರೆದ ಜರ್ಸಿ ಹಾಕಿಕೊಂಡ ಮಾಣಿ ಕನ್ನಡವನ್ನು ಮನೆಯಲ್ಲಿ ಬಿಟ್ಟು ಹೋಗುವುದಿಲ್ಲ.

ನಮ್ಮ ಕೊರತೆ ಬೇರೆ ಇದೆ. ಟ್ರಯಲ್ಸಿನ ಸುದ್ದಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. ಎಣ್ಮಕಜೆ, ಪೈವಳಿಕೆ ಕಡೆಯ ಕನ್ನಡ ಶಾಲೆಯ ಅಪ್ಪ ಅಮ್ಮನಿಗೆ ಅದು ಮುಟ್ಟುವಾಗ ತಾರೀಕು ದಾಟಿರುತ್ತದೆ. ಒಂದು ವರ್ಷ ನಮ್ಮ ಮಾಣಿಗೇ ಹಾಗಾಯಿತು. ಅದಕ್ಕೇ ಈಗ ನಾವು ನಾಲ್ಕು ಮಂದಿ ಸೇರಿ, ಸುದ್ದಿ ಸಿಕ್ಕಿದ ದಿನವೇ ಕನ್ನಡದಲ್ಲಿ ಬರೆದು ಶಾಲೆಗಳಿಗೆ ಮುಟ್ಟಿಸುತ್ತೇವೆ. ಇನ್ನೊಂದು, ಹೆಣ್ಣುಮಕ್ಕಳು. ವಯನಾಡಿನ ಗದ್ದೆಯಲ್ಲಿ ಆಡಿ ಬೆಳೆದ ಮಿನ್ನು ಮಣಿ 2023ರಲ್ಲಿ ಭಾರತಕ್ಕೆ ಆಡಿದಳು. ನಮ್ಮ ಊರಿನ ಹುಡುಗಿಯರೂ ಅಣ್ಣಂದಿರ ಜೊತೆ ಪದವಿನಲ್ಲಿ ಚೆನ್ನಾಗಿಯೇ ಆಡುತ್ತಾರೆ. ಏಳನೇ ಕ್ಲಾಸು ದಾಟಿದ ಮೇಲೆ ಮಾತ್ರ ಕಾಣುವುದಿಲ್ಲ. ಬೆಳಗಿನ ಜಾವದ ರೈಲಿಗೆ ಅವರನ್ನು ಕರಕೊಂಡು ಹೋಗಲು ಯಾರಾದರೂ ಬೇಕು. ನನ್ನ ಮಗಳಿಗೆ ಈಗ ಹತ್ತು ವರ್ಷ. ಅವಳಿಗೆ ನಾನಿದ್ದೇನೆ.

ಮಳೆ ನಿಂತ ಮೇಲೆ ಮಾನ್ಯದಲ್ಲಿ ಮಕ್ಕಳ ಆಟ ಶುರುವಾಗುತ್ತದೆ. ಚೆರುವತ್ತೂರಿನ ಹುಡುಗ ಆಗ ನಮ್ಮ ಮನೆಯಲ್ಲೇ ಉಳಿಯುತ್ತಾನೆ, ಅಷ್ಟು ದೂರದಿಂದ ದಿನಾ ಬರಲಿಕ್ಕೆ ಆಗುವುದಿಲ್ಲ ಅಂತ. ನೀವೂ ನಿಮ್ಮ ಮಗನನ್ನು ಕರಕೊಂಡು ಬನ್ನಿ. ಮಂಗಳೂರಿನಿಂದ ಕಾಸರಗೋಡಿನ ಬಸ್ಸು ಹತ್ತಿ ಕುಂಬಳೆಯಲ್ಲಿ ಇಳಿಯಿರಿ. ಅಲ್ಲಿಂದ ಬದಿಯಡ್ಕಕ್ಕೆ ಹೋಗುವ ಬಸ್ಸಿನಲ್ಲಿ ನೀರ್ಚಾಲಿಗೆ ಟಿಕೆಟು ತಗೊಳ್ಳಿ. ಕಂಡಕ್ಟರ್ ಹತ್ತಿರ ಕನ್ನಡದಲ್ಲೇ ಮಾತಾಡಿ, ತೊಂದರೆ ಇಲ್ಲ. ನಾನು ಬಂದು ಕರಕೊಂಡು ಹೋಗುತ್ತೇನೆ.