ಅಡುಗೆಮನೆ ಪ್ರಶ್ನೋತ್ತರ: ರಸದಲ್ಲಿ ಅದ್ದಿ ತಿನ್ನುವ ಸ್ಯಾಂಡ್‌ವಿಚ್

ಪ್ರಶ್ನೆ: ಹೋದ ವರ್ಷ ಮಗಳ ಮನೆಗೆ ಅಂತ ಲಾಸ್ ಏಂಜಲೀಸ್‌ಗೆ ಹೋಗಿದ್ದೆವು. ಅಲ್ಲಿ ಒಂದು ಸ್ಯಾಂಡ್‌ವಿಚ್ ತಿಂದೆ. ಗಟ್ಟಿ ಬ್ರೆಡ್ಡು, ಒಳಗೆ ತೆಳ್ಳಗೆ ಕೊಯ್ದ ಬೀಫ್, ಪಕ್ಕದಲ್ಲಿ ಒಂದು ಬಟ್ಟಲು ಕಂದು ಬಣ್ಣದ ತಿಳಿ ಸಾರು. ಅದರಲ್ಲಿ ಅದ್ದಿ ಅದ್ದಿ ತಿನ್ನಬೇಕು. ಫ್ರೆಂಚ್ ಡಿಪ್ ಅಂತ ಹೆಸರು. ಊರಿಗೆ ಬಂದ ಮೇಲೆ ಮಟನ್ ಹಾಕಿ ಎರಡು ಸಲ ಮಾಡಿ ನೋಡಿದೆ. ಎರಡು ಸಲವೂ ಮಾಂಸ ಒಣ ನಾರು, ಸಾರು ಮಬ್ಬು. ಕುಕ್ಕರ್‌ನಲ್ಲಿ ಎಂಟು ಸೀಟಿ ಕೂಗಿಸಿದ್ದೆ. ಎಲ್ಲಿ ತಪ್ಪಿತು? ಮಟನ್‌ನಲ್ಲಿ ಇದು ಆಗೋದೇ ಇಲ್ಲವಾ?
ಒಬ್ಬ ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಖಂಡಿತ ಆಗುತ್ತೆ. ಮೊದಲು ಆ ಹೆಸರಿನ ವಿಷಯ ಹೇಳಿಬಿಡ್ತೀನಿ. ಇದು ಫ್ರಾನ್ಸ್ ದೇಶದ ತಿಂಡಿ ಅಲ್ಲ, ನೀವು ತಿಂದ ಊರೇ ಇದರ ತವರು. ಲಾಸ್ ಏಂಜಲೀಸ್‌ನಲ್ಲಿ ಫಿಲಿಪ್ ದಿ ಒರಿಜಿನಲ್ ಮತ್ತು ಕೋಲ್ಸ್ ಅಂತ ಎರಡು ಹೋಟೆಲು, ಎರಡೂ 1908ರಲ್ಲಿ ಶುರುವಾದವು, ಇದನ್ನ ಮೊದಲು ಮಾಡಿದ್ದು ನಾವೇ ಅಂತ ಎರಡೂ ಹೇಳಿಕೊಂಡಿವೆ. ಫಿಲಿಪ್‌ನಲ್ಲಿ ಬೀಫ್ ಜೊತೆಗೆ ಕುರಿಮಾಂಸದ್ದೂ ಸಿಗುತ್ತೆ. ಹಾಗಾಗಿ ಮಟನ್ ಹಾಕಿದರೆ ಏನೋ ಬದಲಿ ಮಾಡಿದ ಹಾಗೆ ಅಂದುಕೊಳ್ಳಬೇಡಿ.

ಬೀಫ್‌ದು ಒಂದೇ ಮಾತು. ನಮ್ಮ ರಾಜ್ಯದಲ್ಲಿ 2021ರಿಂದ ಜಾರಿಯಲ್ಲಿರುವ ಕಾನೂನಿನಂತೆ ದನ, ಎತ್ತು, ಕರು ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ ಕೋಣಕ್ಕೆ ಮಾತ್ರ, ಅದೂ ಅಧಿಕಾರಿಯ ಪ್ರಮಾಣಪತ್ರದ ಮೇಲೆ, ಅವಕಾಶ ಇದೆ. ಅಂಥ ಮಾಂಸ ತಿನ್ನುವ ಮನೆಯವರು ಕೆಳಗೆ ಹೇಳಿದ ಹಾಗೇ ಮಾಡಬಹುದು, ಒಂದೂವರೆ ಎರಡು ಗಂಟೆ ಜಾಸ್ತಿ ಬೇಯಿಸಬೇಕು ಅಷ್ಟೇ. ಬೆಳಗಾವಿ ಕಡೆ ಒಳ್ಳೆಯ ಕುರಿಮಾಂಸ ಸಿಗುತ್ತೆ, ನಾನು ಮಾಡೋದು ಅದರಲ್ಲೇ.

ಈಗ ನಿಮ್ಮ ಎಂಟು ಸೀಟಿ. ನಿಮ್ಮ ಮಾಂಸ ಕೆಟ್ಟಿದ್ದೂ ಸಾರು ಕೆಟ್ಟಿದ್ದೂ ಅಲ್ಲೇ. ನಾನೂ ಮೊದಲ ಸಲ ಹಾಗೇ ಮಾಡಿದ್ದೆ, ಅರ್ಧ ಪಾತ್ರೆ ಮಾಂಸ ಹಗ್ಗದ ಎಳೆ ಹಾಗೆ ಬಿಟ್ಟುಕೊಂಡಿತ್ತು, ಬಾಯಲ್ಲಿ ಹಾಕಿದರೆ ಹಸಿ ಇರಲಿಲ್ಲ, ರಸವೂ ಇರಲಿಲ್ಲ. ಓಡಾಡುವ ಪ್ರಾಣಿಯ ಭುಜ, ಕಾಲುಗಳಲ್ಲಿ ಮಾಂಸದ ಎಳೆಗಳನ್ನು ಕಟ್ಟಿ ಹಿಡಿದ ಬಿಳಿ ಪೊರೆ ಇರುತ್ತಲ್ಲ, ಅದು ಕೊಲ್ಯಾಜೆನ್. ಅದು ನಿಧಾನವಾಗಿ ಕರಗಿ ಜೆಲಾಟಿನ್ ಆಗಬೇಕು. ಹಾಗಾದಾಗ ಮಾಂಸ ಮೆತ್ತಗಾಗುತ್ತೆ, ಸಾರಿಗೆ ತುಟಿ ಅಂಟುವಂಥ ಮೈ ಬರುತ್ತೆ. ಕರಗೋಕೆ ಬಿಸಿ ಬೇಕು, ಅದಕ್ಕಿಂತ ಹೆಚ್ಚಾಗಿ ಹೊತ್ತು ಬೇಕು. ಬಿಸಿ ವಿಪರೀತ ಆದರೆ ಎಳೆಗಳು ಮುದುಡಿ ತಮ್ಮೊಳಗಿನ ನೀರನ್ನೆಲ್ಲ ಹಿಂಡಿಬಿಡ್ತವೆ. ಕುಕ್ಕರ್ ಒಳಗೆ ಬಿಸಿ ಸುಮಾರು 120 ಡಿಗ್ರಿವರೆಗೆ ಹೋಗುತ್ತೆ. ಮೇಲಿಂದ ಪ್ರತಿ ಸೀಟಿಗೂ ಒಳಗಿನ ಒತ್ತಡ ಇಳಿದು ಸಾರು ಒಮ್ಮೆಲೇ ಕೊತಕೊತ ಅನ್ನುತ್ತೆ, ಕೊಬ್ಬು ಒಡೆದು ಸಣ್ಣ ಸಣ್ಣ ಹನಿಯಾಗಿ ನೀರಲ್ಲಿ ಬೆರೆತುಹೋಗುತ್ತೆ. ಮಬ್ಬು ಅಂದರೆ ಅದೇ.

ಅಂಗಡಿಯಲ್ಲಿ ಭುಜದ ಭಾಗ ಕೇಳಿ, ಎಲುಬು ಸಹಿತ ಒಂದೂವರೆ ಕಿಲೋ. ಇದು ಆರು ಜನಕ್ಕೆ ಸಾಕು. ಜೊತೆಗೆ ಎರಡು ನಲ್ಲಿ, ಅಂದರೆ ಮಜ್ಜೆ ಇರುವ ಎಲುಬು. ಕೊಡುವವರು ರೂಢಿಯಂತೆ ಸಾರಿನ ತುಂಡು ಮಾಡೋಕೆ ಕತ್ತಿ ಎತ್ತುತ್ತಾರೆ, ಕಟ್ ಮಾಡಬೇಡಿ, ಮೂರೇ ದೊಡ್ಡ ತುಂಡು ಸಾಕು ಅಂತ ಮೊದಲೇ ಹೇಳಿಬಿಡಿ. ನಾನು ಒಂದು ಸಲ ಹೇಳೋಕೆ ಮರೆತು, ಮನೆಗೆ ಬಂದು ಚೀಲ ಬಿಚ್ಚಿ ನೋಡಿದರೆ ಎಲ್ಲ ಅಡಿಕೆ ಗಾತ್ರದ ತುಂಡು. ಆ ದಿನ ಸುಮ್ನೆ ರಸ್ಸಾ ಮಾಡಿದೆ.

ಹಿಂದಿನ ರಾತ್ರಿಯೇ ಮಾಂಸವನ್ನ ಬಟ್ಟೆಯಿಂದ ಒರೆಸಿ, 15 ಗ್ರಾಂ ಉಪ್ಪು ಎಲ್ಲ ಕಡೆ ಸವರಿ, ಮುಚ್ಚದೆ ಫ್ರಿಜ್‌ನಲ್ಲಿ ಇಡಿ. ಮಾಂಸದ ತೂಕದ ನೂರಕ್ಕೆ ಒಂದು ಭಾಗ ಉಪ್ಪು ಅಂತ ಲೆಕ್ಕ. ಬೆಳಿಗ್ಗೆ ಮೈ ಒಣಗಿರುತ್ತೆ, ಬೇಕಾಗಿದ್ದೂ ಅದೇ. ಒದ್ದೆ ಮಾಂಸ ಕಂದು ಬಣ್ಣಕ್ಕೆ ತಿರುಗೋದಿಲ್ಲ, ಮೊದಲು ನೀರೆಲ್ಲ ಆವಿಯಾಗಬೇಕಾಗುತ್ತೆ. ದಪ್ಪ ತಳದ ಪಾತ್ರೆಯಲ್ಲಿ ಎರಡು ಚಮಚ ಎಣ್ಣೆ ಚೆನ್ನಾಗಿ ಕಾಯಿಸಿ ಒಂದೊಂದೇ ತುಂಡು ಇಟ್ಟು, ಕೈ ಹಚ್ಚದೆ, ಒಂದೊಂದು ಮಗ್ಗುಲಿಗೆ ನಾಲ್ಕೈದು ನಿಮಿಷ ಬಿಡಿ. ತಾನಾಗಿ ತಳ ಬಿಟ್ಟು ಬರುತ್ತೆ, ಆಗ ತಿರುವಿ. ಎಲ್ಲ ಕಡೆ ಗಾಢ ಕಂದು ಆಗಲಿ. ಮಸಾಲೆ ಹಾಕದ ಸಾರಿಗೆ ಬಣ್ಣವೂ ರುಚಿಯೂ ಬರೋದು ಇಲ್ಲಿಂದಲೇ, ಅವಸರ ಮಾಡಬೇಡಿ.

ಮಾಂಸ ತೆಗೆದಿಟ್ಟು, ಅದೇ ಪಾತ್ರೆಗೆ ಅರ್ಧ ಕಿಲೋ ಉಳ್ಳಾಗಡ್ಡಿ ಉದ್ದುದ್ದ ಹೆಚ್ಚಿ ಹಾಕಿ. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಮೊದಲು ಬೆವರುತ್ತೆ, ಆಮೇಲೆ ಮೆತ್ತಗಾಗುತ್ತೆ, ಕೊನೆಗೆ ಬೆಲ್ಲದ ಬಣ್ಣಕ್ಕೆ ಬಂದು ಇಡೀ ಮನೆ ಘಮ ಅನ್ನುತ್ತೆ. ಅರ್ಧ ತೆಗೆದು ಬದಿಗಿಡಿ, ಬ್ರೆಡ್ ಒಳಗೆ ಹಾಕೋಕೆ. ಉಳಿದದ್ದಕ್ಕೆ ಎಂಟು ಎಸಳು ಬಳ್ಳೊಳ್ಳಿ, ಹತ್ತು ಹನ್ನೆರಡು ಕರಿಮೆಣಸು, ಒಂದು ಪಲಾವ್ ಎಲೆ, ಬೀಜ ತೆಗೆದ ಎರಡು ಬ್ಯಾಡಗಿ ಮೆಣಸಿನಕಾಯಿ. ಬ್ಯಾಡಗಿ ಖಾರಕ್ಕಲ್ಲ, ಬಣ್ಣಕ್ಕೆ. ಒಂದೂವರೆ ಲೀಟರ್ ಬಿಸಿನೀರು ಹಾಕಿ, ತಳಕ್ಕೆ ಹತ್ತಿದ ಕಂದು ಪದರವನ್ನ ಕಟ್ಟಿಗೆ ಸೌಟಿನಿಂದ ಕೆರೆದು ಕರಗಿಸಿ. ಮಾಂಸ, ನಲ್ಲಿ ಎರಡನ್ನೂ ಹಾಕಿ. ಮೊದಲ ಕುದಿಗೆ ಮೇಲೆ ಬರುವ ನೊರೆ ತೆಗೆದು ಉರಿ ತಗ್ಗಿಸಿ.

ಎಷ್ಟು ತಗ್ಗಿಸಬೇಕು? ಸಾರಿನ ಮೇಲೆ ಒಂದು ಗುಳ್ಳೆ ಎದ್ದು, ಒಡೆದು, ಇನ್ನೊಂದು ಏಳೋಕೆ ಒಂದೆರಡು ಸೆಕೆಂಡ್ ಹಿಡಿಯಬೇಕು, ಅಷ್ಟು. ನಮ್ಮ ಗ್ಯಾಸ್ ಒಲೆ ಸಿಮ್‌ನಲ್ಲೂ ಜೋರೇ ಉರಿಯುತ್ತೆ ಅನ್ನುವವರು ಪಾತ್ರೆ ಕೆಳಗೆ ರೊಟ್ಟಿ ಹಂಚು ಇಡಿ. ಮುಚ್ಚಳದ ಸುತ್ತ ಗೋಧಿ ಹಿಟ್ಟಿನ ಕಣಕ ಮೆತ್ತಿದರೆ ಆವಿ ಹೋಗೋದಿಲ್ಲ, ನೀರೂ ಕಡಿಮೆ ಆಗೋದಿಲ್ಲ. ಹಳ್ಳಿಯಲ್ಲಿ ಇನ್ನೂ ಒಲೆ ಇದ್ದರೆ ಕೆಂಡದ ಮೇಲೆ ಇಡಿ, ಅದಕ್ಕಿಂತ ಒಳ್ಳೆಯ ಸ್ಲೋ ಕುಕ್ಕರ್ ಇಲ್ಲ. ಆಡಿನ ಮಾಂಸಕ್ಕೆ ಎರಡೂವರೆ ಗಂಟೆ, ಬಲಿತ ಕುರಿಗೆ ಮೂರು ದಾಟುತ್ತೆ. ಗಡಿಯಾರಕ್ಕಿಂತ ಚಮಚವನ್ನ ನಂಬಿ. ಚಮಚದ ಹಿಡಿಕೆ ಚುಚ್ಚಿದರೆ ಬೆಣ್ಣೆಗೆ ಹೋದ ಹಾಗೆ ಹೋಗಬೇಕು, ಎಲುಬು ಎಳೆದರೆ ಬರಿದಾಗಿ ಕೈಗೆ ಬರಬೇಕು.

ಕುಕ್ಕರೇ ಬೇಕು ಅಂದರೆ ಬೇಡ ಅನ್ನೋದಿಲ್ಲ. ಒಂದು ಸೀಟಿ ಬರುವ ಹೊತ್ತಿಗೆ ಉರಿ ಪೂರ್ತಿ ಸಣ್ಣ ಮಾಡಿ, ಮತ್ತೆ ಕೂಗದ ಹಾಗೆ 35ರಿಂದ 40 ನಿಮಿಷ ಇಟ್ಟು, ಒತ್ತಡ ತಾನಾಗಿ ಇಳಿಯೋಕೆ ಬಿಡಿ. ಸೀಟಿ ಎತ್ತಿ ಆವಿ ಬಿಟ್ಟಿರೋ, ಮತ್ತದೇ ಮಬ್ಬು.

ಬೆಂದ ಮಾಂಸವನ್ನ ಸಾರಿನಲ್ಲೇ ಅರ್ಧ ಗಂಟೆ ಬಿಟ್ಟು ಆಮೇಲೆ ಹೊರಗೆ ತೆಗೀರಿ. ಸಾರು ತೆಳು ಬಟ್ಟೆಯಲ್ಲಿ ಸೋಸಿ. ನಾಳೆಗೆ ಅಂತ ಮಾಡಿದ್ದರೆ ಎರಡನ್ನೂ ಬೇರೆ ಬೇರೆ ಫ್ರಿಜ್‌ನಲ್ಲಿ ಇಡಿ. ಬೆಳಿಗ್ಗೆ ಸಾರಿನ ಮೇಲೆ ಕೊಬ್ಬು ಬಿಳಿ ತಟ್ಟೆಯ ಹಾಗೆ ಕಟ್ಟಿರುತ್ತೆ, ಚಾಕುವಿನ ತುದಿಯಿಂದ ಎತ್ತಿದರೆ ಇಡಿಯಾಗಿ ಬರುತ್ತೆ. ಕೆಳಗಿನ ಸಾರು ಪಾತ್ರೆ ಅಲ್ಲಾಡಿಸಿದರೆ ಥರಥರ ನಡುಗಬೇಕು. ನಡುಗಿದರೆ ನೀವು ಗೆದ್ದಿರಿ. ತಣ್ಣಗಾದ ಮಾಂಸ ತೆಳ್ಳಗೆ ಕೊಯ್ಯೋಕೂ ಸುಲಭ, ಎಳೆಗಳಿಗೆ ಅಡ್ಡವಾಗಿ ಕೊಯ್ಯಿರಿ.

ಕುರಿಯ ಕೊಬ್ಬು ಬಾಯಿಯ ಬಿಸಿಗೆ ಕರಗೋದಿಲ್ಲ. ಸಾರು ಬೆಚ್ಚಗಷ್ಟೇ ಇದ್ದರೆ ಅಂಗುಳಿಗೆ ಮೇಣ ಹತ್ತಿದ ಹಾಗೆ ಆಗುತ್ತೆ. ಅದಕ್ಕೇ ಕೊಬ್ಬು ತೆಗೀಬೇಕು, ಸಾರನ್ನ ಸುಡುಸುಡು ಬಡಿಸಬೇಕು. ಒಬ್ಬರಿಗೆ 150 ಮಿಲಿ ಲೆಕ್ಕ. ಉಪ್ಪು ಕೊನೆಗೆ ನೋಡಿ, ಸಾರು ಬತ್ತಿದಷ್ಟೂ ಉಪ್ಪು ಏರುತ್ತೆ.

ಗರಂ ಮಸಾಲೆ, ಕೊಬ್ಬರಿ, ಗಸಗಸೆ ಯಾವುದೂ ಬೇಡ. ಸಾವಜಿ ಖಾರ ಉಂಡು ಬೆಳೆದವರಿಗೆ ಕೈ ಕಟ್ಟಿ ಹಾಕಿದ ಹಾಗೆ ಅನ್ನಿಸುತ್ತೆ, ನನಗೆ ಗೊತ್ತು. ಆದರೆ ನಮ್ಮ ಖಾನಾವಳಿಗಳಲ್ಲಿ ಕೆಂಪನೆಯ ತಾಂಬಡಾ ರಸ್ಸಾ, ಬಿಳಿಯ ಪಾಂಢರಾ ರಸ್ಸಾ ಮಾಡುವ ಮೊದಲು ಮಟನ್ ಬೇಯಿಸಿದ ಬರೀ ನೀರು ಇರುತ್ತಲ್ಲ, ಅಳಣಿ ಅಂತಾರೆ, ಬಾಣಂತಿಗೂ ಜ್ವರ ಬಂದವರಿಗೂ ಕುಡಿಸುವಂಥದ್ದು. ಈ ಸಾರು ಅದರ ಅಣ್ಣ. ಮಾಂಸದ ರುಚಿ ಮಾತ್ರ ಇರಬೇಕು. ಖಾರ ಬೇಕಾದರೆ ಬ್ರೆಡ್ ಒಳಗೆ ರಂಜಕ ಸವರಿ. ಲಾಸ್ ಏಂಜಲೀಸ್‌ನಲ್ಲಿ ಖಾರದ ಸಾಸಿವೆ ಹಚ್ಚುತ್ತಾರೆ, ನಮ್ಮ ಹಣ್ಣು ಮೆಣಸಿನಕಾಯಿ ರಂಜಕ ಆ ಜಾಗದಲ್ಲಿ ಅದಕ್ಕಿಂತ ಚೆನ್ನಾಗಿ ಕೂರುತ್ತೆ ಅಂತ ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆ: ಬೇಕರಿ ಪಾವ್ ತಂದು ಅದ್ದಿದರೆ ಅರ್ಧ ಸಾರಿನಲ್ಲೇ ಉಳಿಯುತ್ತೆ. ಯಾವ ಬ್ರೆಡ್ ತರಬೇಕು?
ಓದುಗರು, ಜಮಖಂಡಿ

ಉತ್ತರ: ಪಾವ್ ಮೆತ್ತಗಿರಲಿ ಅಂತಲೇ ಮಾಡಿದ್ದು, ತಪ್ಪು ಅದರದ್ದಲ್ಲ. ಹಾಲು, ಬೆಣ್ಣೆ, ಸಕ್ಕರೆ ಬಿದ್ದ ಬ್ರೆಡ್ಡು ನೀರು ಕಂಡ ಕೂಡಲೇ ಕೂತುಬಿಡುತ್ತೆ. ಇದಕ್ಕೆ ಹೊರಗೆ ಗಟ್ಟಿ ಸಿಪ್ಪೆ, ಒಳಗೆ ತೂತು ತೂತು ಇರುವ ಬ್ರೆಡ್ ಬೇಕು. ಗೋವಾದಿಂದ ಯಾರಾದರೂ ಬರುವವರಿದ್ದರೆ ಪೊಯಿ ಅಥವಾ ಉಂಡೋ ತರಿಸಿ, ಒಂದು ದಿನ ಹಳೆಯದಾದರೆ ಇನ್ನೂ ಒಳ್ಳೆಯದು.

ಮನೆಯಲ್ಲೇ ಮಾಡುವುದಾದರೆ ಅರ್ಧ ಕಿಲೋ ಮೈದಾ, 325 ಮಿಲಿ ನೀರು, 10 ಗ್ರಾಂ ಉಪ್ಪು, 5 ಗ್ರಾಂ ಇನ್‌ಸ್ಟಂಟ್ ಈಸ್ಟ್. ಮತ್ತೇನೂ ಬೇಡ, ಎಣ್ಣೆಯೂ ಬೇಡ. ಹತ್ತು ನಿಮಿಷ ನಾದಿ, ಎರಡು ಪಟ್ಟು ಉಬ್ಬೋಕೆ ಬಿಡಿ, ಆರು ಉದ್ದ ಉಂಡೆ ಮಾಡಿ ಮತ್ತೆ ಮುಕ್ಕಾಲು ಗಂಟೆ ಬಿಡಿ. ಓವನ್ 220 ಡಿಗ್ರಿಗೆ ಕಾದಿರಬೇಕು, ಕೆಳಗಿನ ತಟ್ಟೆಯಲ್ಲಿ ಒಂದು ಬಟ್ಟಲು ಕುದಿಯುವ ನೀರು. ಆವಿಯಿಂದ ಸಿಪ್ಪೆ ಬೇಗ ಗಟ್ಟಿಯಾಗದೆ ಬ್ರೆಡ್ ಚೆನ್ನಾಗಿ ಉಬ್ಬುತ್ತೆ. ಹತ್ತು ನಿಮಿಷಕ್ಕೆ ನೀರು ತೆಗೆದು ಇನ್ನೂ ಹತ್ತು ಹನ್ನೆರಡು ನಿಮಿಷ ಸುಡಿ. ತಳ ಬೆರಳಿಂದ ತಟ್ಟಿದರೆ ಪೊಳ್ಳು ಶಬ್ದ ಬರಬೇಕು.

ಪಾವೇ ಗತಿ ಅಂದರೆ ಅದನ್ನ ಸೀಳಿ, ಒಳಮಗ್ಗುಲನ್ನ ಒಣ ಹಂಚಿನ ಮೇಲೆ ಕೆಂಪಗೆ ಸುಟ್ಟುಕೊಳ್ಳಿ. ಅದ್ದುವಾಗ ಮುಳುಗಿಸಬೇಡಿ. ತುದಿ ಅದ್ದಿ, ಕಚ್ಚಿ, ಮತ್ತೆ ಅದ್ದಿ. ಪ್ರತಿಯೊಬ್ಬರಿಗೂ ಬೇರೆ ಬಟ್ಟಲು ಕೊಡಿ.

ಪ್ರಶ್ನೆ: ರಾತ್ರಿ ಬೇಯಿಸಿ ಒಲೆ ಮೇಲೇ ಮುಚ್ಚಿಟ್ಟು ಬೆಳಿಗ್ಗೆ ಒಂದು ಕುದಿ ಕುದಿಸಿದರೆ ಸಾಕಲ್ವಾ? ನಮ್ಮತ್ತೆ ಹಾಗೇ ಮಾಡುತ್ತಿದ್ದರು.
ಓದುಗರು, ವಿಜಯಪುರ

ಉತ್ತರ: ಸಾಲದು. ಇದರಲ್ಲಿ ನಾನು ಬಗ್ಗೋದಿಲ್ಲ. ಮಾಂಸದ ಸಾರಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳ ಬೀಜಕಣ ಕುದಿದರೂ ಸಾಯೋದಿಲ್ಲ, ಸಾರು ಉಗುರುಬೆಚ್ಚಗೆ ಆದ ಕೂಡಲೇ ಮೊಳೆತು ದಂಡು ಕಟ್ಟುತ್ತವೆ. ಕೆಲವು ಬಿಟ್ಟ ವಿಷ ಬೆಳಿಗ್ಗೆ ಎಷ್ಟು ಕುದಿಸಿದರೂ ಹೋಗೋದಿಲ್ಲ. ದೊಡ್ಡ ಪಾತ್ರೆ ಮುಚ್ಚಿಟ್ಟರೆ ರಾತ್ರಿಯಿಡೀ ಬೆಚ್ಚಗೇ ಇರುತ್ತೆ, ವಿಜಯಪುರದ ಬೇಸಿಗೆಯಲ್ಲಂತೂ ಕೇಳೋದೇ ಬೇಡ. ಎರಡು ಗಂಟೆಯ ಒಳಗೆ ಫ್ರಿಜ್ ಸೇರಬೇಕು. ಸಾರನ್ನ ಅಗಲವಾದ ಎರಡು ಮೂರು ಪಾತ್ರೆಗೆ ಹಂಚಿ, ತಣ್ಣೀರು ತುಂಬಿದ ಪರಾತದಲ್ಲಿ ಇಟ್ಟು ಕೈಯಾಡಿಸಿ, ಅರ್ಧ ಗಂಟೆಯಲ್ಲಿ ಆರುತ್ತೆ. ಮಾರನೇ ದಿನ ಸಾರನ್ನ ಚೆನ್ನಾಗಿ ಕುದಿಸಿ, ಕೊಯ್ದ ಮಾಂಸವನ್ನ ಅದರಲ್ಲೇ ಹಾಕಿ ಹಬೆಯಾಡುವಷ್ಟು ಬಿಸಿ ಮಾಡಿ, ಕೂಡಲೇ ಬ್ರೆಡ್‌ಗೆ ತುಂಬಿ.

ನಿಮ್ಮ ಊರಿನ ಕಡೆಯಿಂದಲೇ ಒಂದು ಮಾತು: ಇಂಡಿ ಲಿಂಬೆಹಣ್ಣು ಇದ್ದರೆ ಬಡಿಸುವಾಗ ಬಟ್ಟಲಿಗೆ ನಾಲ್ಕು ಹನಿ ಹಿಂಡಿ. ಕುರಿಯ ಜಿಡ್ಡು ಕತ್ತರಿಸೋಕೆ ಅಷ್ಟೇ ಸಾಕು.

ಪ್ರಶ್ನೆ: ಮನೆಯಲ್ಲಿ ಗಂಡ, ಮಗ ಮಾಂಸ ತಿನ್ನುತ್ತಾರೆ, ನಾನು ತಿನ್ನೋದಿಲ್ಲ. ಅವರು ಅದ್ದಿಕೊಂಡು ತಿನ್ನುವಾಗ ನನಗೂ ಏನಾದರೂ ಇರಲಿ ಅನ್ನಿಸುತ್ತೆ.
ಓದುಗರು, ಇಳಕಲ್ಲ

ಉತ್ತರ: ನಿಮಗೆ ಹುರುಳಿ ಕಟ್ಟು. ತರಕಾರಿ ಬೇಯಿಸಿದ ನೀರು ಇದಕ್ಕೆ ತೀರ ತೆಳು, ಹುರುಳಿ ಕಟ್ಟಿಗೆ ಮಾತ್ರ ಆ ಕಂದು ಬಣ್ಣ, ಮಣ್ಣಿನ ಘಮ, ನಾಲಗೆ ಮೇಲೆ ನಿಲ್ಲುವ ಭಾರ ಎಲ್ಲ ಇದೆ. ಒಂದು ಬಟ್ಟಲು ಹುರುಳಿ ರಾತ್ರಿ ನೆನೆಹಾಕಿ, ಆರು ಬಟ್ಟಲು ನೀರಿನಲ್ಲಿ ಮೆತ್ತಗೆ ಬೇಯಿಸಿ, ಕದಡದೆ ಬಸಿದುಕೊಳ್ಳಿ. ಕಾಳು ಪಲ್ಯಕ್ಕಾಯಿತು. ಮೇಲೆ ಹೇಳಿದ ಹಾಗೇ ಉಳ್ಳಾಗಡ್ಡಿಯನ್ನ ಬೆಲ್ಲದ ಬಣ್ಣಕ್ಕೆ ತಂದು, ಬಳ್ಳೊಳ್ಳಿ, ಕರಿಮೆಣಸು ಹಾಕಿ, ಕಟ್ಟು ಸುರಿದು ಇಪ್ಪತ್ತು ನಿಮಿಷ ಸಣ್ಣಗೆ ಕುದಿಸಿ ಸೋಸಿ. ಹುಣಸೆ, ಬೆಲ್ಲ, ಒಗ್ಗರಣೆ ಹಾಕಬೇಡಿ, ಹಾಕಿದರೆ ಅದು ಒಳ್ಳೆಯ ಕಟ್ಟಿನ ಸಾರು ಆಗುತ್ತೆ, ಅದ್ದುವ ರಸ ಆಗೋದಿಲ್ಲ. ಒಳಗೆ ತುಂಬೋಕೆ ಅಣಬೆ. ತೊಳೆದು ಒರೆಸಿ, ದಪ್ಪಗೆ ಹೆಚ್ಚಿ, ಕಾದ ಕಬ್ಬಿಣದ ಹಂಚಿನ ಮೇಲೆ ಒಂದಕ್ಕೊಂದು ತಾಗದ ಹಾಗೆ ಹರಡಿ. ಒಟ್ಟಿಗೆ ರಾಶಿ ಹಾಕಿದರೆ ನೀರು ಬಿಟ್ಟು ಬೇಯುತ್ತೆ, ಕೆಂಪಾಗೋದಿಲ್ಲ. ನೀರೆಲ್ಲ ಹೋಗಿ ಅಂಚು ಕೆಂಪಾದ ಮೇಲೆ ಉಪ್ಪು, ಆಮೇಲೆ ಒಂದು ಚಮಚ ಬೆಣ್ಣೆ.

ಕಟ್ಟನ್ನ ಬೇರೆ ಪಾತ್ರೆಯಲ್ಲೇ ಬಿಸಿ ಇಡಿ, ಸೌಟೂ ಬೇರೆ ಇರಲಿ. ಹೋದ ತಿಂಗಳು ನಮ್ಮ ಮನೆಯಲ್ಲಿ ಎರಡೂ ಬಟ್ಟಲು ಅಕ್ಕಪಕ್ಕ ಇಟ್ಟಿದ್ದೆ. ಮಟನ್ ಬ್ರೆಡ್ ಹಿಡಿದುಕೊಂಡವರೂ ಹುರುಳಿ ಕಟ್ಟಿಗೇ ಎರಡನೇ ಸಲ ಬಟ್ಟಲು ಚಾಚಿದರು. ಅದಕ್ಕೇ ಸ್ವಲ್ಪ ಜಾಸ್ತಿಯೇ ಮಾಡಿಕೊಳ್ಳಿ.