ಹುಳ ಜ್ವರಕ್ಕೆ ಕೂತಾಗ ಓದಿದ ಕಾದಂಬರಿ

ಮನೆ, ಮಕ್ಕಳು, ಕೆಲಸ ಎಲ್ಲದರ ನಡುವೆ ನೀವು ಓದಿ ಖುಷಿಪಟ್ಟ ಪತ್ತೇದಾರಿ ಕಾದಂಬರಿ ಯಾವುದು, ಅದನ್ನು ಓದಲು ಪುರುಸೊತ್ತು ಹೇಗೆ ಸಿಕ್ಕಿತು ಅಂತ ಕೇಳಿದ್ದೀರಿ. ಮೊದಲನೆಯದಕ್ಕೆ ಉತ್ತರ ಸುಲಭ. ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ'. ಎರಡನೆಯದಕ್ಕೆ ಉತ್ತರ ಹೇಳಬೇಕಾದರೆ ನಮ್ಮ ಹುಳುಮನೆಯ ವಿಷಯ ಹೇಳಬೇಕು.

ನಮ್ಮದು ಚಿಕ್ಕಬಳ್ಳಾಪುರ ಜಿಲ್ಲೆ, ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿ. ರೇಷ್ಮೆ ಬೆಳೆಯುವ ಮನೆ. ಅತ್ತೆ, ಮಾವ, ನಮ್ಮನೆಯವರು, ನಾನು, ಇಬ್ಬರು ಮಕ್ಕಳು. ಹುಳ ಸಾಕುವ ಮನೆಯಲ್ಲಿ ಗಡಿಯಾರಕ್ಕೆ ಬೆಲೆ ಇಲ್ಲ. ಹೊತ್ತು ಹೇಳೋದು ಹುಳ. ಮರಿ ಹುಳ ಸಾಕಿ ಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ, ಅಂದರೆ ಎರಡನೇ ಸಲ ಪೊರೆ ಬಿಡೋದು, ಮುಗಿಸಿ ಎದ್ದ ಹುಳ ತಂದ ದಿನದಿಂದ ಗೂಡು ಬಿಡಿಸುವ ತನಕ ನಾವು ಮದುವೆಗೂ ಹೋಗೋದಿಲ್ಲ, ನೆಂಟರನ್ನೂ ಕರೆಯೋದಿಲ್ಲ. ಅದರಲ್ಲೂ ನಾಲ್ಕನೇ ಜ್ವರ ಎದ್ದ ಮೇಲಿನ ವಾರ ಉಸಿರಾಡೋಕೂ ಬಿಡುವಿರೋದಿಲ್ಲ. ಹುಳ ತನ್ನ ಇಡೀ ಜೀವನದಲ್ಲಿ ತಿನ್ನುವ ಸೊಪ್ಪಿನಲ್ಲಿ 100ಕ್ಕೆ 80 ಭಾಗಕ್ಕಿಂತ ಜಾಸ್ತಿ ಆ ಒಂದು ವಾರದಲ್ಲೇ ತಿಂದು ಮುಗಿಸುತ್ತದೆ. ತೋಟದಿಂದ ಸೊಪ್ಪಿನ ಹೊರೆ ಬರುತ್ತಲೇ ಇರಬೇಕು.

ಆದರೆ ಜ್ವರದ ದಿನ ಹಾಗಲ್ಲ. ಹುಳ ಪೊರೆ ಬಿಡುವ ಹೊತ್ತು ಅದು. ತಲೆ ಮೇಲಕ್ಕೆತ್ತಿ ಅಲ್ಲಾಡದೆ ಕೂತುಬಿಡುತ್ತವೆ. ನಾವು ಸುಣ್ಣದ ಪುಡಿ ಉದುರಿಸಿ, ಹಾಸು ಒಣಗಲು ಬಿಟ್ಟು, ಗಾಳಿ ಆಡುವ ಹಾಗೆ ಮಾಡಿ ಹೊರಗೆ ಬರುತ್ತೇವೆ. ಸುಮಾರು ಒಂದು ದಿನ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ. ಆ ದಿನವೇ ನನ್ನ ಓದಿನ ದಿನ. ಅಡುಗೆ, ಬಟ್ಟೆ, ಹಸುವಿನ ಕೆಲಸ ಇದ್ದೇ ಇರುತ್ತದೆ. ಆದರೂ ಮಧ್ಯಾಹ್ನ ಹಜಾರದಲ್ಲಿ ಚಾಪೆ ಹಾಕಿ ಕೂತರೆ ಯಾರೂ ಏಳಿಸೋದಿಲ್ಲ.

ಪುಸ್ತಕ ತಂದವಳು ಮಗಳು. ಹೆಸರು ನೋಡಿ ದೆವ್ವದ ಕಥೆ ಇರಬೇಕು ಅಂತ ಪಂಚಾಯ್ತಿ ಲೈಬ್ರರಿಯಿಂದ ತಂದಿದ್ದಳು. ನಾಲ್ಕು ಪುಟ ಓದಿ, "ಇದರಲ್ಲಿ ಬರೀ ಏಲಕ್ಕಿ ವಿಷಯ ಇದೆ ಅಮ್ಮಾ, ನೀನೇ ಓದು" ಅಂತ ನನ್ನ ಕಡೆ ತಳ್ಳಿದಳು. ಏಲಕ್ಕಿ ವಿಷಯ ಅಂದದ್ದಕ್ಕೇ ನಾನು ಕೈಗೆತ್ತಿಕೊಂಡೆ.

ಕಥೆ ನಡೆಯೋದು ಮಲೆನಾಡಿನ ಕೆಸರೂರು ಅನ್ನೋ ಊರಿನಲ್ಲಿ. ಏಲಕ್ಕಿ ಬೆಳೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಇದೆ. ಏಲಕ್ಕಿ ಸಂಶೋಧನೆ ಮಾಡುತ್ತಿದ್ದ ಜೋಗಿಹಾಳ್ ಅನ್ನೋ ವಿಜ್ಞಾನಿ ಸತ್ತಿದ್ದಾನೆ. ಆ ಸಾವು ಸಹಜವಾ ಅಲ್ವಾ ಅನ್ನೋದೇ ಅನುಮಾನ. ಇದನ್ನು ಪತ್ತೆ ಮಾಡಲು ಅಂಗಡಿ ಅನ್ನೋ ಅಧಿಕಾರಿ ಊರಿಗೆ ಬರುತ್ತಾನೆ. ಇಷ್ಟು ಹೇಳಿದರೆ ಮಾಮೂಲಿ ಪತ್ತೇದಾರಿ ಕಥೆ ಅನ್ನಿಸುತ್ತೆ. ಆದರೆ ಅಂಗಡಿ ಒಂದು ದಾರ ಹಿಡಿದು ಎಳೆದರೆ ಊರಿಗೆ ಊರೇ ಜೊತೆಗೆ ಬರುತ್ತದೆ. ತೋಟದವರು, ಮರದ ವ್ಯಾಪಾರದವರು, ಕ್ರಾಂತಿಯ ಮಾತಾಡುವ ಹುಡುಗರು, ಜಾತಿ ಧರ್ಮದ ಗುಸುಗುಸು, ಪ್ರೀತಿಸಿ ಸಿಕ್ಕಿಹಾಕಿಕೊಂಡವರು. ಯಾರನ್ನು ನಂಬಬೇಕು ಅಂತ ಓದುವ ನಮಗೂ ಗೊತ್ತಾಗೋದಿಲ್ಲ. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ ಇದು. ಪ್ರಶಸ್ತಿ ಬಂದ ಪುಸ್ತಕ ಅಂದರೆ ಭಾರ ಇರುತ್ತೆ ಅಂತ ದೂರ ಇಡಬೇಡಿ. ಇದು ಓದಿಸಿಕೊಂಡು ಹೋಗುತ್ತದೆ. ಬರೆದವರು ಮೂಡಿಗೆರೆಯಲ್ಲಿ ತಾವೇ ತೋಟ ಮಾಡಿದವರು. ಗಿಡ, ಮಣ್ಣು, ಕೂಲಿ, ಸಾಲ ಯಾವುದೂ ಹೊರಗಿನಿಂದ ನೋಡಿ ಬರೆದ ಹಾಗೆ ಇಲ್ಲ.

ನನ್ನನ್ನು ಹಿಡಿದು ಕೂರಿಸಿದ್ದು ಕೊಲೆಯ ಪ್ರಶ್ನೆ ಅಲ್ಲ, ಬೆಳೆಯ ಪ್ರಶ್ನೆ. ಏಲಕ್ಕಿ ಯಾಕೆ ಇಳಿಯುತ್ತಿದೆ? ಬೆಳೆ ನಂಬಿದ ಮನೆಯಲ್ಲಿ ಇರುವವರಿಗೆ ಇದಕ್ಕಿಂತ ದೊಡ್ಡ ರಹಸ್ಯ ಇಲ್ಲ. ಸಿಟಿಯ ಬಂಗಲೆಯಲ್ಲಿ ಯಾರೋ ಶ್ರೀಮಂತ ಸತ್ತ ಕಥೆಯಾದರೆ ಓದಿ ಮರೆಯುತ್ತೇನೆ. ಊರಿನ ಅನ್ನವೇ ಕಾಣದ ಕಾರಣಕ್ಕೆ ಕಮ್ಮಿ ಆಗುತ್ತಿದೆ ಅಂದರೆ ನನಗೆ ನಿದ್ದೆ ಬರೋದಿಲ್ಲ.

ಯಾಕೆಂದರೆ ನಮ್ಮ ಹುಳುಮನೆಯಲ್ಲಿ ಈ ಪತ್ತೇದಾರಿ ಕೆಲಸ ನಡೆಯುತ್ತಲೇ ಇರುತ್ತದೆ. ಹುಳ ಸಾಯೋಕೆ ಶುರುವಾದರೆ ಯಾಕೆ ಅಂತ ಕಂಡುಹಿಡಿಯಬೇಕು, ಅದೂ ಬೇಗ. ಅತ್ತೆ ಇದರಲ್ಲಿ ಗಟ್ಟಿಗಿತ್ತಿ. ಸತ್ತ ಹುಳವನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಮೈ ಊದಿಕೊಂಡು, ಒಡೆದರೆ ಹಾಲಿನಂಥ ನೀರು ಬಂದರೆ ಹಾಲು ತೊಂಡೆ. ಸತ್ತ ಮೇಲೆ ಸೀಮೆಸುಣ್ಣದ ತುಂಡಿನ ಹಾಗೆ ಬೆಳ್ಳಗೆ ಗಟ್ಟಿಯಾಗಿದ್ದರೆ ಸುಣ್ಣಕಟ್ಟು. ಮೆತ್ತಗಾಗಿ, ಸೊಪ್ಪು ಬಿಟ್ಟು, ವಾಸನೆ ಬಂದರೆ ಸಪ್ಪೆ ರೋಗ. ಮೈ ಮೇಲೆ ಒಂದು ಕಪ್ಪು ಚುಕ್ಕೆ ಕಂಡರೆ ಹುಳದ ಮೇಲೆ ಮೊಟ್ಟೆ ಇಟ್ಟು ಅದನ್ನು ಸಾಯಿಸುವ ಊಜಿ ನೊಣ ಹುಳುಮನೆ ಒಳಗೆ ನುಗ್ಗಿದೆ ಅಂತ ಅರ್ಥ. ತಕ್ಷಣ ಕಿಟಕಿ ಬಾಗಿಲಿನ ಜಾಲರಿ ಪೂರ್ತಿ ಹುಡುಕುತ್ತಾರೆ. ಬೆರಳು ತೂರುವಷ್ಟು ಸಂದು ಎಲ್ಲೋ ಇದ್ದೇ ಇರುತ್ತದೆ.

ಅತ್ತೆಗೆ ಸಣ್ಣ ಅಕ್ಷರ ಕಾಣೋದಿಲ್ಲ. ಹಾಗಾಗಿ ಕೆಲವು ಭಾಗ ಜೋರಾಗಿ ಓದಿ ಹೇಳುತ್ತಿದ್ದೆ. ಜೋಗಿಹಾಳನ ವಿಷಯ ಬಂದಾಗ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದವರು ಕೈ ನಿಲ್ಲಿಸಿ ಕೇಳಿದರು, "ಅವನು ಸತ್ತ ಮೇಲೆ ಗಿಡ ಏನಾದವು, ಅದನ್ನ ಓದಮ್ಮ ಮೊದಲು." ಮನುಷ್ಯನ ಮೇಲೆ ಕರುಣೆ ಇಲ್ಲ ಅಂತಲ್ಲ. ಗಿಡ ಹಿಡಿದು ಹೋದರೆ ಮನುಷ್ಯ ಸಿಗುತ್ತಾನೆ ಅಂತ ಅವರ ಲೆಕ್ಕ. ಒಳ್ಳೆ ಲೆಕ್ಕ ಅದು. ನೀವೂ ಓದುವಾಗ ಇಟ್ಟುಕೊಳ್ಳಿ.

ಇದೇ ಮಾತಿಗೆ ಸೇರಿದ ಒಂದು ನಿಜವಾದ ಪತ್ತೇದಾರಿ ಕಥೆ ಹೇಳಿಬಿಡುತ್ತೇನೆ. 1865ರಲ್ಲಿ ಫ್ರಾನ್ಸ್ ದೇಶದಲ್ಲಿ ರೇಷ್ಮೆ ಹುಳಗಳು ಯಾಕೋ ಸಾಯುತ್ತಿದ್ದವು. ಅದನ್ನು ಕಂಡುಹಿಡಿಯಲು ಲೂಯಿ ಪಾಶ್ಚರ್ ಅವರನ್ನು ಕಳಿಸಿದರು. ಅವರು ಅದುವರೆಗೆ ರೇಷ್ಮೆ ಹುಳ ಮುಟ್ಟಿದವರೇ ಅಲ್ಲ. ವರ್ಷಗಟ್ಟಲೆ ಹುಡುಕಿದ ಮೇಲೆ ಗೊತ್ತಾಯಿತು, ತಪ್ಪಿತಸ್ಥ ಒಬ್ಬನಲ್ಲ, ಇಬ್ಬರು. ಗಂಟು ರೋಗ ಬೇರೆ, ಸಪ್ಪೆ ರೋಗ ಬೇರೆ. ಗಂಟು ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಬರುತ್ತದೆ. ಹಾಗಾಗಿ ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗ ಕಂಡರೆ ಆ ಮೊಟ್ಟೆ ಬಿಸಾಡಿ ಅಂದರು. ಇವತ್ತು ನಮಗೆ ರೋಗವಿಲ್ಲದ ಮೊಟ್ಟೆ ಸಿಗುತ್ತಿದೆ ಅಂದರೆ ಆ ಪತ್ತೆಯ ಫಲ. ಇದನ್ನು ಮಗಳಿಗೆ ಹೇಳಿದ ಮೇಲೆ ಅವಳು 'ಚಿದಂಬರ ರಹಸ್ಯ'ವನ್ನು ವಾಪಸ್ ಕೇಳಿ ಇಸ್ಕೊಂಡಳು.

ಮಾವನಿಗೆ ಮಾತ್ರ ಈ ಪುಸ್ತಕ ಅಷ್ಟಾಗಿ ಹಿಡಿಸಲಿಲ್ಲ. ಅವರು ಎನ್. ನರಸಿಂಹಯ್ಯನವರ ಕಾಲದವರು. ಪತ್ತೇದಾರ ಪುರುಷೋತ್ತಮ, ಮಧುಸೂದನ, ಅರಿಂಜಯ ಅಂದರೆ ಈಗಲೂ ಮುಖ ಅರಳುತ್ತದೆ. ನಾಲ್ಕನೇ ಕ್ಲಾಸು ಓದಿದ ಒಬ್ಬರು 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದು ಕನ್ನಡದಲ್ಲಿ ಅಷ್ಟು ಜನರಿಗೆ ಓದೋ ಚಟ ಹಿಡಿಸಿದರು ಅಂದರೆ ಅದು ಸಣ್ಣ ಕೆಲಸ ಅಲ್ಲ. ಮಾವನ ದೂರು ಒಂದೇ. ಪತ್ತೇದಾರ ಅಂದಮೇಲೆ ಕೊನೆಗೆ ಎಲ್ಲಾ ಗಂಟು ಬಿಚ್ಚಿ ಕೈಗಿಡಬೇಕು, ಈ ಅಂಗಡಿ ಹಾಗೆ ಮಾಡೋದಿಲ್ಲ. ಅವರ ಮಾತು ನಿಜ. ಎಲ್ಲಾ ಬಿಡಿಸಿ ಹೇಳಿದರೇ ನೆಮ್ಮದಿ ಅನ್ನುವವರಾದರೆ ನರಸಿಂಹಯ್ಯನವರಿಂದ ಶುರು ಮಾಡಿ. ನನಗೆ ಈ ಬಿಚ್ಚದ ಗಂಟುಗಳೇ ಇಷ್ಟ. ಅಂಗಡಿ ಒಂದು ಕಡೆ ಹುಡುಕುತ್ತಿರುವಾಗ ಊರು ಇನ್ನೊಂದು ಕಡೆಯಿಂದ ಕೆಡುತ್ತಾ ಇರುತ್ತದೆ. ಕೊನೆ ಏನಾಯಿತು ಅಂತ ಹೇಳೋದಿಲ್ಲ. ಅದನ್ನು ಓದಿದ ರಾತ್ರಿ ನಾನು ಎದ್ದು ಹುಳುಮನೆ ಬಾಗಿಲು ತೆಗೆದು ಒಂದು ಸಲ ಎಲ್ಲಾ ತಟ್ಟೆ ನೋಡಿ ಬಂದೆ.

ಮನೆಗೆಲಸದ ನಡುವೆ ಓದುವವರಿಗೆ ಇದು ಹೊಂದುತ್ತದೆ ಅನ್ನೋಕೆ ಇನ್ನೊಂದು ಕಾರಣ ಇದೆ. ಕೆಲವು ಪತ್ತೇದಾರಿ ಪುಸ್ತಕಗಳಲ್ಲಿ ಒಂದು ಸಾಲು ತಪ್ಪಿದರೆ ಎಲ್ಲಾ ತಪ್ಪಿದ ಹಾಗೆ. ಯಾರು ಎಷ್ಟು ಗಂಟೆಗೆ ಎಲ್ಲಿದ್ದರು ಅಂತ ನೆನಪಿಟ್ಟುಕೊಳ್ಳಬೇಕು. ಕುಕ್ಕರ್ ಕೂಗಿ ಎದ್ದು ಹೋಗಿ ಬಂದರೆ ಮತ್ತೆ ಹಿಂದಿನ ಪುಟಕ್ಕೆ ಹೋಗಬೇಕು. ಇಲ್ಲಿ ಹಾಗಿಲ್ಲ. ಎಲ್ಲಿ ಬಿಟ್ಟರೂ ಊರು ತಲೆಯಲ್ಲಿ ಉಳಿಯುತ್ತದೆ. ಸೊಪ್ಪು ಕೊಯ್ಯುವಾಗ, ರಾಗಿ ಮುದ್ದೆ ತಿರುವುವಾಗ ಅದೇ ಯೋಚನೆ ಓಡುತ್ತಾ ಇರುತ್ತದೆ. ಮತ್ತೆ ಪುಸ್ತಕ ತೆಗೆದಾಗ ನಮ್ಮದೇ ಒಂದು ಅನುಮಾನ ಸಿದ್ಧವಾಗಿರುತ್ತದೆ. ನನಗೆ ಓದುವ ಹೊತ್ತಿಗಿಂತ ಆ ಯೋಚಿಸುವ ಹೊತ್ತೇ ಜಾಸ್ತಿ ಸುಖ ಕೊಟ್ಟಿತು.

ನಿಮ್ಮ ಮನೆಯಲ್ಲಿ ಹುಳ ಇರಲಿಕ್ಕಿಲ್ಲ. ಆದರೆ ಜ್ವರದ ದಿನದಂಥ ಒಂದು ಹೊತ್ತು ಪ್ರತಿ ಮನೆಯಲ್ಲೂ ಇರುತ್ತದೆ. ಮಗು ಮಲಗಿದ ಹೊತ್ತು, ಟ್ಯೂಷನ್ ಮುಗಿಯಲಿ ಅಂತ ಹೊರಗೆ ಕಾಯುವ ಹೊತ್ತು. ಅದನ್ನು ಫೋನಿಗೆ ಕೊಡಬೇಡಿ. ಮನೆಯಲ್ಲಿ ಒಬ್ಬರಿಗಾದರೂ ಕಥೆ ಹೇಳುತ್ತಾ ಓದಿ, ಆಗ "ಮುಂದೇನಾಯ್ತು" ಅಂತ ಕೇಳೋಕಾದರೂ ಅವರೇ ನಿಮ್ಮನ್ನು ಓದೋಕೆ ಕೂರಿಸುತ್ತಾರೆ. ಶುರುವಿನಲ್ಲಿ ಹೆಸರುಗಳು ತುಂಬಾ ಬರುತ್ತವೆ, ಗೊಂದಲ ಆದರೂ ಬಿಡಬೇಡಿ, ಕೆಸರೂರಿನ ಜನ ಬೇಗ ಪರಿಚಯ ಆಗುತ್ತಾರೆ. ಕೊನೆಯ ಭಾಗವನ್ನು ಮಾತ್ರ ತುಂಡು ತುಂಡಾಗಿ ಓದಬೇಡಿ. ಅದಕ್ಕೆ ಮಕ್ಕಳು ಮಲಗಿದ ಮೇಲೆ ಒಂದು ರಾತ್ರಿ ಎತ್ತಿಟ್ಟುಕೊಳ್ಳಿ.