ಬೆಳಗಿನ ಜಾವ ನಾಲ್ಕೂವರೆಗೆ ಅಧ್ಯಕ್ಷರು ಎಲ್ಲಿದ್ದರು?

ಹೋದ ಸಂಚಿಕೆಯಲ್ಲಿ ಅಮೆರಿಕದ ಅಧ್ಯಕ್ಷರ ದಿನಚರಿ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅವರು ಎಷ್ಟು ಹೊತ್ತಿಗೆ ಎದ್ದರು, ಯಾರಿಗೆ ಫೋನ್ ಮಾಡಿದರು, ಯಾರು ಬಂದು ಎಷ್ಟು ನಿಮಿಷ ಕೂತು ಹೋದರು, ಎಲ್ಲವನ್ನೂ ಬರೆದಿಟ್ಟು ಮುಂದೊಂದು ದಿನ ಜನರ ಮುಂದೆ ತೆರೆದಿಡುತ್ತಾರೆ ಅಂತ. ನಾಲ್ಕು ಸಾಲಿಗೆ ಇಷ್ಟು ಪತ್ರ ಬರುತ್ತದೆ ಅಂದುಕೊಂಡಿರಲಿಲ್ಲ. ಈ ಸಲದ ಅಂಕಣ ಪೂರ್ತಿ ಅದಕ್ಕೇ. ಕ್ರಿಕೆಟ್ ಬಗ್ಗೆ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ಕಾಯಿರಿ.

ಪ್ರಶ್ನೆ: ದಿನಚರಿ ಅಂದರೆ ಡೈರಿ ತಾನೇ? ಅಷ್ಟು ಕೆಲಸದ ಮಧ್ಯೆ ಅಧ್ಯಕ್ಷರು ಕೂತು ಬರೆಯುವುದು ಯಾವಾಗ? (ನಿವೃತ್ತ ಗ್ರಾಮಲೆಕ್ಕಿಗರು, ಸಾಗರ)

ಅವರು ಬರೆಯುವುದಿಲ್ಲ ಸ್ವಾಮಿ. ಗ್ರಾಮಲೆಕ್ಕಿಗರಾಗಿದ್ದ ನಿಮಗೆ ಇದು ಬೇಗ ಅರ್ಥವಾಗುತ್ತದೆ. ಇದು ಕಿರ್ದಿ ಪುಸ್ತಕದ ಜಾತಿಯದು. ಬರೆಯುವವರು ಗುಮಾಸ್ತರು.

ರಿಚರ್ಡ್ ನಿಕ್ಸನ್ ಕಾಲದ ಒಂದು ಹಾಳೆ ತೆಗೆದುಕೊಳ್ಳಿ. ಮೇಲೆ ತಾರೀಖು, ವಾರ, ದಿನ ಶುರುವಾದ ಊರು. ಎಡಗಡೆ ಸಮಯ, ಶುರುವಾದದ್ದು ಒಂದು ಕಡೆ, ಮುಗಿದದ್ದು ಇನ್ನೊಂದು ಕಡೆ. ಪಕ್ಕದಲ್ಲಿ ಫೋನಿಗೆ ಬೇರೆ ಅಂಕಣ. ಅಲ್ಲಿ 'ಪಿ' ಅಂತಿದ್ದರೆ ಕರೆ ಮಾಡಿದ್ದು ಅಧ್ಯಕ್ಷರು, 'ಆರ್' ಅಂತಿದ್ದರೆ ಅವರಿಗೆ ಬಂದ ಕರೆ. ಊರೊಳಗಿನ ಕರೆಯೋ ದೂರದ ಕರೆಯೋ ಅನ್ನುವುದಕ್ಕೂ ಗುರುತು ಇದೆ. ಕೊನೆಯಲ್ಲಿ ನಡೆದ ಕೆಲಸ, ಒಂದೇ ಸಾಲಿನಲ್ಲಿ. ಜಾಸ್ತಿ ಜನ ಬಂದಿದ್ದರೆ ಅವರ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಟೈಪ್ ಮಾಡಿ ಹಿಂದೆ ಲಗತ್ತಿಸುತ್ತಿದ್ದರು.

ಇಷ್ಟೆಲ್ಲ ಗುಮಾಸ್ತರಿಗೆ ಹೇಗೆ ಗೊತ್ತಾಗುತ್ತಿತ್ತು? ಫೋನ್ ಲೆಕ್ಕ ಸ್ವಿಚ್‌ಬೋರ್ಡಿನ ಆಪರೇಟರುಗಳಿಂದ ಬರುತ್ತಿತ್ತು. ಅಧ್ಯಕ್ಷರು ಒಂದು ಕಟ್ಟಡ ಬಿಟ್ಟು ಇನ್ನೊಂದಕ್ಕೆ ಹೋದದ್ದು ಸೀಕ್ರೆಟ್ ಸರ್ವಿಸ್ ಕಾವಲುಗಾರರ ಪುಸ್ತಕದಲ್ಲಿರುತ್ತಿತ್ತು. ಮನೆಯ ಮೇಲಿನ ಮಹಡಿಗೆ ಯಾರು ಬಂದರು ಅನ್ನುವುದು ಅಲ್ಲಿನ ಅಷರ್‌ಗಳಿಗೆ ಗೊತ್ತು. ಅಷರ್ ಅಂದರೆ ಮನೆವಾರ್ತೆ ನೋಡಿಕೊಳ್ಳುವವರು ಅನ್ನಬಹುದು. ಭೇಟಿಗಳ ಪಟ್ಟಿ ಆಪ್ತ ಕಾರ್ಯದರ್ಶಿಯ ಕೋಣೆಯಿಂದ, ಹೆಲಿಕಾಪ್ಟರಿನಲ್ಲಿ ಯಾರಿದ್ದರು ಅನ್ನುವುದು ಪ್ರಯಾಣಿಕರ ಪಟ್ಟಿಯಿಂದ. ಈ ಚೀಟಿಗಳನ್ನೆಲ್ಲ ನ್ಯಾಷನಲ್ ಆರ್ಕೈವ್ಸ್‌ನಿಂದ, ಅಂದರೆ ಸರ್ಕಾರಿ ದಾಖಲೆ ಕಾಯುವ ಇಲಾಖೆಯಿಂದ, ಶ್ವೇತಭವನಕ್ಕೆ ಕಳಿಸಿದ ಸಿಬ್ಬಂದಿ ಹೋಲಿಸಿ ನೋಡಿ, ಒಂದು ಹಾಳೆಗೆ ಇಳಿಸುತ್ತಿದ್ದರು.

ಹಾಗಾಗಿಯೇ ನನಗೆ ಇದರ ಮೇಲೆ ನಂಬಿಕೆ. ಫೋನ್ ಆಪರೇಟರಿಗೆ ಅಧ್ಯಕ್ಷರನ್ನು ದೊಡ್ಡವರನ್ನಾಗಿ ತೋರಿಸುವ ಹಂಗಿಲ್ಲ. ಬಾಗಿಲು ಕಾಯುವವನಿಗೆ ಮುಂದೆ ಪುಸ್ತಕ ಬರೆದು ಮಾರುವ ಆಸೆಯಿಲ್ಲ. ಗಡಿಯಾರ ನೋಡಿ ಬರೆದರು, ಮುಗಿಯಿತು. ಸ್ವಂತ ಕೈಯಲ್ಲಿ ದಿನಾ ಡೈರಿ ಬರೆದ ಅಧ್ಯಕ್ಷರೂ ಇದ್ದಾರೆ, ರೊನಾಲ್ಡ್ ರೇಗನ್ ಹಾಗೆ ಬರೆಯುತ್ತಿದ್ದರು. ಅದು ಓದಲು ಚೆಂದ. ಆದರೆ ಸಾಕ್ಷಿ ಬೇಕು ಅಂದಾಗ ನಾನಂತೂ ಗುಮಾಸ್ತರ ಹಾಳೆಯನ್ನೇ ಮೊದಲು ನೋಡುತ್ತೇನೆ.

ಪ್ರಶ್ನೆ: ಹತ್ತು ಗಂಟೆಗೆ ಇಂಥವರು ಬಂದರು, ಹತ್ತೂಕಾಲಿಗೆ ಹೋದರು ಅಂತ ಬರೆದಿಟ್ಟರೆ ಏನು ಬಂತು? ಏನು ಮಾತಾಡಿದರು ಅನ್ನುವುದೇ ಇಲ್ಲವಲ್ಲ! (ಬಿ.ಎ. ವಿದ್ಯಾರ್ಥಿನಿ, ಹುಬ್ಬಳ್ಳಿ)

ನಿಮ್ಮ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು, ಯಾಕೆಂದರೆ ಇದೇ ಬೋರು ಹೊಡೆಸುವ ಹಾಳೆಗಳು ಒಬ್ಬ ಅಧ್ಯಕ್ಷರ ಕುರ್ಚಿ ಅಲುಗಾಡಿಸಿವೆ.

ವಾಟರ್‌ಗೇಟ್ ಹಗರಣ ಕೇಳಿರುತ್ತೀರಿ. 1972ರಲ್ಲಿ ವಿರೋಧ ಪಕ್ಷದ ಕಚೇರಿಗೆ ಕಳ್ಳರು ನುಗ್ಗಿದ್ದು, ಅದನ್ನು ಮುಚ್ಚಿಹಾಕಲು ನಿಕ್ಸನ್ ಕಡೆಯವರು ಒದ್ದಾಡಿದ್ದು. ನಿಕ್ಸನ್ ತಮ್ಮ ಕೋಣೆಯಲ್ಲಿ ಮಾತು ಶುರುವಾದ ಕೂಡಲೇ ತಾನಾಗಿ ಓಡುವ ಟೇಪ್ ರೆಕಾರ್ಡರ್ ಇಡಿಸಿದ್ದರು. ಈ ಗುಟ್ಟನ್ನು 1973ರ ಜುಲೈ 16ರಂದು ಅಲೆಕ್ಸಾಂಡರ್ ಬಟರ್‌ಫೀಲ್ಡ್ ಅನ್ನುವ ಅಧಿಕಾರಿ ಸೆನೆಟ್ ಸಮಿತಿ ಎದುರು ಹೇಳಿಬಿಟ್ಟರು. ಸರಿ, ಟೇಪ್ ಇದೆ ಅಂತ ಗೊತ್ತಾಯಿತು. ಆದರೆ 1971ರ ಫೆಬ್ರವರಿಯಿಂದ 1973ರ ಜುಲೈವರೆಗೆ ಸುಮಾರು 3,700 ಗಂಟೆ ಮಾತು ರೆಕಾರ್ಡ್ ಆಗಿದೆ. ಅದರಲ್ಲಿ ಯಾವುದನ್ನು ಕೇಳುವುದು? ಎಲ್ಲ ಕೊಡಿ ಅಂದರೆ ಕೋರ್ಟು ಸುಮ್ನೆ ಗಾಳ ಹಾಕಬೇಡಿ ಅನ್ನುತ್ತದೆ.

ಆಗ ಕೈಹಿಡಿದದ್ದು ಈ ದಿನದ ಲೆಕ್ಕ. ಶ್ವೇತಭವನದ ದಿನದ ಲಾಗ್‌ಗಳೂ ಭೇಟಿಯ ದಾಖಲೆಗಳೂ ಈ ಹಗರಣದ ಕೇಸು ನಡೆಸುತ್ತಿದ್ದ ವಿಶೇಷ ಪ್ರಾಸಿಕ್ಯೂಟರ್ ಕೈಸೇರಿದ್ದವು. ಅವರು ಅದನ್ನು ಮುಂದಿಟ್ಟುಕೊಂಡು ಇಂಥ ದಿನ, ಇಷ್ಟು ಹೊತ್ತಿಗೆ, ಇಂಥವರ ಜೊತೆ ನಡೆದ ಮಾತು ಬೇಕು ಅಂತ 64 ಮಾತುಕತೆಗಳನ್ನು ಹೆಸರಿಸಿ ಕೇಳಿದರು. ಅದು ಹೇಗೆ ಸಾಧ್ಯವಾಯಿತು ಅನ್ನುವುದನ್ನು ಸುಪ್ರೀಂ ಕೋರ್ಟ್ ತನ್ನ ತೀರ್ಪಿನಲ್ಲೇ ಬರೆದಿದೆ. 1974ರ ಜುಲೈ 24ರಂದು ಟೇಪ್ ಕೊಡಿ ಅಂತ ತೀರ್ಪು ಬಂತು. ಆಗಸ್ಟ್ 9ಕ್ಕೆ ನಿಕ್ಸನ್ ಮನೆಗೆ ಹೋದರು. ಟೇಪ್ ಬೀಗವಾದರೆ ಬೀಗದ ಕೈ ಗುಮಾಸ್ತರ ಹಾಳೆಯಾಗಿತ್ತು.

ಇನ್ನೊಂದು ಉದಾಹರಣೆ, ಇದು ರಾಜಕೀಯಕ್ಕಿಂತ ಮನುಷ್ಯನ ಕಥೆ. 1970ರ ಮೇ 4ರಂದು ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯಾಷನಲ್ ಗಾರ್ಡ್ ಸೈನಿಕರ ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಸತ್ತರು. ವಿಯೆಟ್ನಾಂ ಯುದ್ಧ ಬೇಡ ಅನ್ನುವ ಹುಡುಗರು ಸಾವಿರಗಟ್ಟಲೆ ವಾಷಿಂಗ್ಟನ್ನಿಗೆ ಬಂದರು. ಮೇ 8ರ ರಾತ್ರಿ ನಿಕ್ಸನ್ನರಿಗೆ ನಿದ್ದೆಯಿಲ್ಲ. ಆ ದಿನಚರಿಯಲ್ಲಿ ಫೋನ್ ಅಂಕಣ ಮಾತ್ರ ಕೆಳಗಿಳಿಯುತ್ತಾ ಹೋಗುತ್ತದೆ, ಒಂದಾದ ಮೇಲೆ ಒಂದು, ಹತ್ತಾರು ಕರೆ, ಅಪರಾತ್ರಿಯವರೆಗೆ, ಒಬ್ಬರಿಗೇ ಮತ್ತೆ ಮತ್ತೆ. ಬೆಳಗಿನ ಜಾವ ನಾಲ್ಕೂವರೆ ಸುಮಾರಿಗೆ ತಮ್ಮ ಆಳು ಮನೋಲೋ ಸಾಂಚೆಜ್‌ನನ್ನು ಕರೆದುಕೊಂಡು ಲಿಂಕನ್ ಸ್ಮಾರಕಕ್ಕೆ ಹೊರಟೇಬಿಟ್ಟರು. ಅಲ್ಲಿ ಮಲಗೆದ್ದ ವಿದ್ಯಾರ್ಥಿಗಳ ಜೊತೆ ಕತ್ತಲಲ್ಲೇ ನಿಂತು ಮಾತಾಡಿದರು. ಅಲ್ಲಿಂದ ಸಂಸತ್ ಭವನ, ಆಮೇಲೆ ಮೇಫ್ಲವರ್ ಹೋಟೆಲಿನಲ್ಲಿ ತಿಂಡಿ. ದಿನಚರಿಯಲ್ಲಿ 'ಅಧ್ಯಕ್ಷರು ಕಂಗಾಲಾಗಿದ್ದರು' ಅನ್ನುವ ಒಂದು ಪದವೂ ಇಲ್ಲ. ಬೇಕಾ? ಆ ಫೋನ್ ಪಟ್ಟಿ ಸಾಲದಾ?

ಪ್ರಶ್ನೆ: ಪ್ರೆಸಿಡೆಂಟ್ಸ್ ಡೈಲಿ ಬ್ರೀಫ್ ಅಂತ ಓದಿದ್ದೇನೆ. ಅದೂ ಇದೂ ಒಂದೇನಾ? (ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ವಿಜಯಪುರ)

ಅಲ್ಲ. ಬ್ರೀಫ್ ಅಂದರೆ ಗೂಢಚಾರರು ಅಧ್ಯಕ್ಷರಿಗೆ ಕೊಡುವ ದಿನದ ವರದಿ, ಅದು ಜಗತ್ತಿನಲ್ಲಿ ಏನಾಗುತ್ತಿದೆ ಅಂತ ಹೇಳುತ್ತದೆ. ಈಗಿನ ಹೆಸರಿನಲ್ಲಿ ಅದು ಶುರುವಾದದ್ದು 1964ರ ಡಿಸೆಂಬರಿನಲ್ಲಿ. ದಿನಚರಿ ಹೇಳುವುದು ಅಧ್ಯಕ್ಷರು ಏನು ಮಾಡುತ್ತಿದ್ದಾರೆ ಅಂತ. ಇನ್ನೊಂದು ಗೊಂದಲವನ್ನೂ ಈಗಲೇ ಬಿಡಿಸಿಬಿಡುತ್ತೇನೆ. ಬೆಳಗ್ಗೆ ಪತ್ರಕರ್ತರಿಗೆ ಕೊಡುವ ಕಾರ್ಯಕ್ರಮ ಪಟ್ಟಿ ಬೇರೆ, ದಿನಚರಿ ಬೇರೆ. ಪಟ್ಟಿಯಲ್ಲಿ ಇರುವುದು ನಡೆಯಬೇಕಾದದ್ದು, ದಿನಚರಿಯಲ್ಲಿ ಇರುವುದು ನಡೆದದ್ದು. ಮದುವೆ ಕರೆಯೋಲೆಯಲ್ಲಿನ ಮುಹೂರ್ತಕ್ಕೂ ನಿಜವಾಗಿ ತಾಳಿ ಕಟ್ಟಿದ ಹೊತ್ತಿಗೂ ಇರುವಷ್ಟು ವ್ಯತ್ಯಾಸ.

ಪ್ರಶ್ನೆ: ಇಂದಿರಾ ಗಾಂಧಿ ಅಮೆರಿಕಕ್ಕೆ ಹೋದಾಗಿನ ಪುಟವೂ ಸಿಗುತ್ತದಾ? (ಗೃಹಿಣಿ, ಮೈಸೂರು)

ಸಿಗುತ್ತದೆ. 1971ರ ನವೆಂಬರ್ 4 ಮತ್ತು 5. ಬಾಂಗ್ಲಾ ಯುದ್ಧಕ್ಕೆ ಒಂದು ತಿಂಗಳು ಮೊದಲು. ದಿನಚರಿಯಲ್ಲಿ ನೋಡಿದರೆ ಎಲ್ಲ ಮರ್ಯಾದೆಯಾಗಿದೆ: ಸ್ವಾಗತ, ಮಾತುಕತೆ, ಔತಣ. ಆದರೆ ಟೇಪ್ ಓಡುತ್ತಿತ್ತಲ್ಲ! 5ನೇ ತಾರೀಖು ಬೆಳಗ್ಗೆ, ಎರಡನೇ ಭೇಟಿಗೆ ಮೊದಲು, ನಿಕ್ಸನ್ ಮತ್ತು ಅವರ ಭದ್ರತಾ ಸಲಹೆಗಾರ ಹೆನ್ರಿ ಕಿಸಿಂಜರ್ ಕೂತು ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಇಂದಿರಾ ಅವರ ಬಗ್ಗೆಯೂ ಭಾರತೀಯರ ಬಗ್ಗೆಯೂ ಕೆಟ್ಟ ಕೆಟ್ಟ ಪದಗಳು. 2005ರಲ್ಲಿ ಅದು ಹೊರಬಿತ್ತು, ಕಿಸಿಂಜರ್ ವಿಷಾದ ಹೇಳಿದರು. ದಿನಚರಿ ಒಂದನ್ನೇ ನಂಬಿ ಕೂತರೆ ಹೀಗೂ ಮೋಸ ಹೋಗುತ್ತೀರಿ. ಅದು ಮನೆಯ ಬಾಗಿಲ ಬಳಿ ಕೂತ ಅಜ್ಜಿಯ ಹಾಗೆ, ಯಾರು ಬಂದರು ಹೋದರು ಅಂತ ಹೇಳುತ್ತದೆ, ಒಳಗಿನ ಮಾತು ಕೇಳಿಸುವುದಿಲ್ಲ.

ಪ್ರಶ್ನೆ: ಅಧ್ಯಕ್ಷರಿಗೆ ಬೇಡವಾದ ಹಾಳೆ ಹರಿದು ಬಿಸಾಕಿದರೆ ಯಾರು ಕೇಳುತ್ತಾರೆ? (ವಕೀಲರು, ತುಮಕೂರು)

ಮೊದಲು ಯಾರೂ ಕೇಳುವ ಹಾಗಿರಲಿಲ್ಲ ವಕೀಲರೇ. ಅಧ್ಯಕ್ಷರ ಕಾಗದಪತ್ರ ಅಂದರೆ ಅವರ ಸ್ವಂತ ಆಸ್ತಿ, ಅಧಿಕಾರ ಮುಗಿದ ಮೇಲೆ ಗಾಡಿಯಲ್ಲಿ ತುಂಬಿಕೊಂಡು ಹೋಗುತ್ತಿದ್ದರು. ಜಾರ್ಜ್ ವಾಷಿಂಗ್ಟನ್ನರ ಬರಹದ ತುಂಡುಗಳನ್ನು ಕತ್ತರಿಸಿ ನೆನಪಿನ ಕಾಣಿಕೆ ಅಂತ ಹಂಚಿದ್ದೂ ಇದೆ. ಚೆಸ್ಟರ್ ಆರ್ಥರ್ ತಮ್ಮ ಬಹುಪಾಲು ಕಾಗದ ಸುಡಿಸಿಬಿಟ್ಟರು. ಲಿಂಕನ್ನರ ಮಗ ರಾಬರ್ಟ್ ತಂದೆಯ ಕಾಗದಗಳನ್ನು ಲೈಬ್ರರಿ ಆಫ್ ಕಾಂಗ್ರೆಸ್ಸಿಗೇನೋ ಕೊಟ್ಟರು, ಆದರೆ ತಾನು ಸತ್ತು 21 ವರ್ಷ ಆಗುವವರೆಗೆ ತೆರೆಯಬಾರದು ಅಂತ ಷರತ್ತು ಹಾಕಿದರು. ತೆರೆದದ್ದು 1947ರಲ್ಲಿ. ಒಳ್ಳೆಯ ದಾರಿ ಹಾಕಿಕೊಟ್ಟವರು ಫ್ರಾಂಕ್ಲಿನ್ ರೂಸ್‌ವೆಲ್ಟ್. ತಮ್ಮ ಊರು ಹೈಡ್ ಪಾರ್ಕಿನಲ್ಲಿ ಗ್ರಂಥಾಲಯ ಕಟ್ಟಿಸಿ ಕಾಗದಗಳನ್ನೆಲ್ಲ ದೇಶಕ್ಕೆ ಕೊಟ್ಟರು.

ನಿಕ್ಸನ್ ಹೋದ ಮೇಲೆ ಅವರ ಟೇಪು, ಕಾಗದ ನಾಶವಾಗಬಾರದು ಅಂತ 1974ರಲ್ಲಿ ಅವರೊಬ್ಬರಿಗೇ ಅನ್ವಯಿಸುವ ಕಾನೂನು ಬಂತು. 1978ರಲ್ಲಿ ಎಲ್ಲರಿಗೂ ಸೇರಿ ಪ್ರೆಸಿಡೆನ್ಶಿಯಲ್ ರೆಕಾರ್ಡ್ಸ್ ಆಕ್ಟ್ ಬಂತು. ಅದು ಲಾಗುವಾದದ್ದು 1981ರ ಜನವರಿ 20ರಿಂದ, ಅಂದರೆ ರೇಗನ್ ಮೊದಲ್ಗೊಂಡು. ಈಗ ಈ ದಾಖಲೆಗಳು ಸರ್ಕಾರದ ಸ್ವತ್ತು. ಅಧಿಕಾರ ಮುಗಿದು 5 ವರ್ಷಕ್ಕೆ ಯಾರು ಬೇಕಾದರೂ ಅರ್ಜಿ ಹಾಕಬಹುದು, ಕೆಲವನ್ನು 12 ವರ್ಷದವರೆಗೆ ತಡೆಹಿಡಿಯುವ ಅವಕಾಶವೂ ಇದೆ.

ಆದರೆ ನೀವು ಕೇಳಿದ್ದು ಕಾನೂನಲ್ಲ, ನಡತೆ. ಕಾನೂನು ಹಾಳೆಯನ್ನು ಕಾಯುತ್ತದೆ, ಬರೆಯದೇ ಬಿಟ್ಟದ್ದನ್ನು ಯಾರು ಕಾಯುವುದು? 2021ರ ಜನವರಿ 6ರಂದು ಅಮೆರಿಕದ ಸಂಸತ್ ಭವನಕ್ಕೆ ಜನ ನುಗ್ಗಿದರಲ್ಲ, ಆ ದಿನದ ಡೊನಾಲ್ಡ್ ಟ್ರಂಪ್ ಅವರ ದಿನಚರಿಯಲ್ಲಿ ಮಧ್ಯಾಹ್ನ 1:21ರಿಂದ 4:03ರವರೆಗೆ ಏನೂ ಬರೆದಿಲ್ಲ ಅಂತ ತನಿಖೆ ಮಾಡಿದ ಸಂಸತ್ತಿನ ಸಮಿತಿ ಮರುವರ್ಷ ಬಹಿರಂಗವಾಗಿ ಹೇಳಿತು. ಎರಡು ಗಂಟೆ ನಲವತ್ತೆರಡು ನಿಮಿಷ ಖಾಲಿ. ಆ ಖಾಲಿ ಜಾಗ ತುಂಬಲು ಅವರು ಅಲ್ಲಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಕೂರಿಸಿ ಕೇಳಬೇಕಾಯಿತು. ಬೇರೆ ದಿನಗಳ ಹಾಳೆ ತುಂಬಿರುವುದರಿಂದಲೇ ಈ ದಿನದ ಖಾಲಿ ಕಣ್ಣಿಗೆ ಹೊಡೆಯುತ್ತದೆ, ಅಲ್ವಾ?

ಪ್ರಶ್ನೆ: ನಾನು ಟೆಕ್ಸಸ್ಸಿನ ಆಸ್ಟಿನ್‌ನಲ್ಲಿರುವ ಕನ್ನಡಿಗ. ಇಂಥ ದಾಖಲೆ ನೋಡಲು ಪ್ರೊಫೆಸರೇ ಆಗಿರಬೇಕಾ?

ನಿಮ್ಮ ಊರಲ್ಲೇ ಲಿಂಡನ್ ಜಾನ್ಸನ್ ಗ್ರಂಥಾಲಯ ಇದೆಯಲ್ಲ ಮಾರಾಯರೇ! ಯಾವ ಡಿಗ್ರಿಯೂ ಬೇಡ. ಮೊದಲೇ ಹೇಳಿ ಹೋಗಿ, ಗುರುತಿನ ಚೀಟಿ ಇಟ್ಟುಕೊಳ್ಳಿ, ಪೆನ್ನು ಬಿಟ್ಟು ಪೆನ್ಸಿಲ್ ಹಿಡಿದು ಕೂರಿ. ಹೋಗಲು ಸೋಮಾರಿತನವಾದರೆ ಜಾನ್ಸನ್, ನಿಕ್ಸನ್, ಫೋರ್ಡ್, ಕಾರ್ಟರ್ ಇವರ ದಿನಚರಿಗಳನ್ನು ಮನೆಯಲ್ಲೇ ಕಂಪ್ಯೂಟರಿನಲ್ಲಿ ನೋಡಬಹುದು. ಮೊದಲಿಗೆ 1963ರ ನವೆಂಬರ್ 22 ತೆಗೆಯಿರಿ. ಬೆಳಗ್ಗೆ ಉಪಾಧ್ಯಕ್ಷರಾಗಿದ್ದವರು ಮಧ್ಯಾಹ್ನ 2:38ಕ್ಕೆ ಡಲ್ಲಾಸಿನಲ್ಲಿ ನಿಂತ ವಿಮಾನದೊಳಗೆ ಅಧ್ಯಕ್ಷರಾಗಿ ಪ್ರಮಾಣ ಮಾಡುತ್ತಾರೆ. ಕೆನಡಿ ಹತ್ಯೆಯಾಗಿ ಎರಡು ಗಂಟೆ ಕಳೆದಿತ್ತು, ಅಷ್ಟೇ.

ಪ್ರಶ್ನೆ: ಈ ದಿನಚರಿಗಳಲ್ಲಿ ಬೆಂಗಳೂರು ಬರುತ್ತದಾ? (ಬೆಂಗಳೂರಿನಿಂದಲೇ)

ಬಂದಿಳಿದ ಊರಾಗಿ ಬರುವುದಿಲ್ಲ. ಅಧಿಕಾರದಲ್ಲಿದ್ದಾಗ ಯಾವ ಅಮೆರಿಕ ಅಧ್ಯಕ್ಷರೂ ಬೆಂಗಳೂರಿಗೆ ಬಂದಿಲ್ಲ. ಹೈದರಾಬಾದಿಗೆ ಕ್ಲಿಂಟನ್ನೂ ಬಂದರು, ಬುಷ್ಷೂ ಬಂದರು. ಹೊಟ್ಟೆ ಉರಿಸಿಕೊಳ್ಳಬೇಡಿ.

ಪ್ರಶ್ನೆ: ನಮ್ಮಲ್ಲಿ ಇಂಥ ಪದ್ಧತಿ ಇತ್ತಾ? (ಶಾಲಾ ಮೇಷ್ಟರು, ಕೊಪ್ಪ)

ನಿಮ್ಮ ಪಕ್ಕದಲ್ಲೇ ಇತ್ತು ಮೇಷ್ಟರೇ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲು ಬಳಿದು, ಒಣಗಿಸಿ, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕಕ್ಕೆ ಕಡತ ಅನ್ನುತ್ತಿದ್ದರು. ಈಗ ಆಫೀಸಿನ ಫೈಲಿಗೆಲ್ಲ ಅದೇ ಹೆಸರು. ಶೃಂಗೇರಿ ಮಠದ ಕಡತಗಳು ಉಳಿದಿವೆ, ಖರ್ಚು, ಜಮೀನು, ಕಾಣಿಕೆ ಎಲ್ಲದರ ಲೆಕ್ಕ. ಟಿಪ್ಪು ಸುಲ್ತಾನ್ ಶೃಂಗೇರಿ ಸ್ವಾಮಿಗಳಿಗೆ ಬರೆದ ಪತ್ರಗಳೂ ಮಠದ ದಫ್ತರದಲ್ಲೇ ಇದ್ದವು. 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬೀಳುವವರೆಗೆ ಹೊರಗಿನವರಿಗೆ ಗೊತ್ತಿರಲಿಲ್ಲ. ಇವತ್ತಿನ ಸರ್ಕಾರಿ ಕಾಗದಗಳಿಗೆ 1993ರ ಪಬ್ಲಿಕ್ ರೆಕಾರ್ಡ್ಸ್ ಆಕ್ಟ್ ಇದೆ.

ಪ್ರಶ್ನೆ: ಅಧ್ಯಕ್ಷರು ಏನು ತಿಂದರು ಅಂತಲೂ ಬರೆಯುತ್ತಾರಾ? (ಹೋಟೆಲ್ ಮಾಲೀಕರು, ಕುಂದಾಪುರ)

ದಿನಚರಿಯಲ್ಲಿ ಊಟ ಮಾಡಿದರು, ಯಾರ ಜೊತೆ ಮಾಡಿದರು ಅಂತ ಇರುತ್ತದೆ. ತಟ್ಟೆಯಲ್ಲಿ ಏನಿತ್ತು ಅನ್ನುವುದಕ್ಕೆ ಬೇರೆ ಕಡೆ ಹುಡುಕಬೇಕು. 1974ರ ಆಗಸ್ಟ್ 8, ಆ ರಾತ್ರಿ ನಿಕ್ಸನ್ ಟೀವಿಯಲ್ಲಿ ರಾಜೀನಾಮೆ ಹೇಳುವವರಿದ್ದರು. ಅವತ್ತಿನ ಮಧ್ಯಾಹ್ನದ ಊಟವನ್ನು ಶ್ವೇತಭವನದ ಫೋಟೋಗ್ರಾಫರ್ ರಾಬರ್ಟ್ ನಡ್ಸನ್ ಫೋಟೋ ತೆಗೆದಿಟ್ಟರು. ಬೆಳ್ಳಿ ತಟ್ಟೆಯ ಮೇಲೆ ಅನಾನಸ್ ಹೋಳು, ಕಾಟೇಜ್ ಚೀಸ್, ಒಂದು ಲೋಟ ಹಾಲು.